ಬೇಸ್‌ಬಾಲ್‌ನ ಪ್ರಸಿದ್ಧ ಮಾತುಗಳಲ್ಲಿ ನಿಜವಾಗಿ ಆಡಿದವು ಯಾವುವು?

ಅಜ್ಜರಕಾಡಿನ ಮೇಷ್ಟ್ರು:

ನಾನು ಉಡುಪಿಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ನಮ್ಮ ಹುಡುಗಿಯರ ಸಾಫ್ಟ್‌ಬಾಲ್ ತಂಡಕ್ಕೆ ಮಳೆಗಾಲದ ಆಟಿ ತಿಂಗಳು ಕಳೆಯುವ ತನಕ ಮೈದಾನವಿಲ್ಲ. ಆ ಬಿಡುವಿನಲ್ಲಿ ಕ್ರೀಡಾ ಕೊಠಡಿಯ ಕರಿಹಲಗೆಯ ಮೇಲೆ ಬೇಸ್‌ಬಾಲ್ ಇತಿಹಾಸದ ಒಂದು ಸಂಗತಿಯನ್ನೋ ಆಟಗಾರರೊಬ್ಬರ ಮಾತನ್ನೋ ವಾರಕ್ಕೊಂದರಂತೆ ಬರೆದು, ಅದರ ಬಗ್ಗೆ ಹತ್ತು ನಿಮಿಷ ಮಾತನಾಡುವುದು ಮೂರು ವರ್ಷಗಳಿಂದ ನಡೆದುಬಂದ ರೂಢಿ.

ಕಳೆದ ವಾರ ಅಮೆರಿಕದ ಬೇಸ್‌ಬಾಲ್ ಆಟಗಾರ ಯೋಗಿ ಬೆರಾ ಅವರದ್ದೆಂದು ಎಲ್ಲೆಡೆ ಕಾಣುವ "ಆ ಹೋಟೆಲಿಗೆ ಈಗ ಯಾರೂ ಹೋಗುವುದಿಲ್ಲ, ಅಲ್ಲಿ ಅಷ್ಟು ಜನಸಂದಣಿ" ಎಂಬ ಮಾತನ್ನು ಬರೆದಿದ್ದೆ. ಕೃಷ್ಣಮಠದ ಪರ್ಯಾಯೋತ್ಸವದ ದಿನ ರಥಬೀದಿಯ ಹೋಟೆಲುಗಳನ್ನು ಕಂಡ ಮಕ್ಕಳಿಗೆ ಅದನ್ನು ವಿವರಿಸಬೇಕಾಗಿ ಬರಲಿಲ್ಲ, ಎಲ್ಲರೂ ನಕ್ಕರು. ಆದರೆ ಎಂಟನೆಯ ತರಗತಿಯ ಒಬ್ಬಳು ಮಾತ್ರ ನಗದೆ, "ಸರ್, ಅವರು ಇದನ್ನು ಹೇಳುವಾಗ ಕೇಳಿಸಿಕೊಂಡವರು ಯಾರು?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ ನನ್ನ ನೋಟ್‌ಬುಕ್ಕಿನ ಪಟ್ಟಿಯ ಮೇಲೆ ನನಗೇ ಅನುಮಾನ ಹುಟ್ಟಿದೆ. ಲೂ ಗೆಹ್ರಿಗ್ ತಮ್ಮನ್ನು "ಅತ್ಯಂತ ಅದೃಷ್ಟಶಾಲಿ" ಎಂದು ಕರೆದುಕೊಂಡದ್ದು, ಲಿಯೊ ಡುರೋಷರ್ ಅವರ "ಒಳ್ಳೆಯವರಿಗೆ ಕಡೆಯ ಸ್ಥಾನ", ಶೂಲೆಸ್ ಜೋ ಜಾಕ್ಸನ್‌ಗೆ ಒಬ್ಬ ಬಾಲಕ ಕೇಳಿದನೆನ್ನಲಾದ "ಇದು ಸುಳ್ಳೆಂದು ಹೇಳು, ಜೋ", ಅಮೆರಿಕದ ಸೇನಾಧಿಕಾರಿ ಅಬ್ನರ್ ಡಬಲ್‌ಡೇ ಈ ಆಟವನ್ನು ಕಂಡುಹಿಡಿದರೆಂಬ ಕಥೆ, ಇವುಗಳಲ್ಲಿ ಯಾವುದನ್ನು ಹೆಸರು ಸಹಿತ ಬರೆಯಬಹುದು, ಯಾವುದನ್ನು ಒರೆಸಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಬಿಜೈಯ ಓದುಗ:

ಮೊದಲು ಆ ಹುಡುಗಿಗೆ ನನ್ನ ಮೆಚ್ಚುಗೆ ತಿಳಿಸಿ. ಜನಸಂದಣಿಯ ಆ ಮಾತು ಬೆರಾ ಅವರ ಬಾಯಿಗೆ ಬರುವ ಮೊದಲೇ, ಅವರು ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಆಡುವುದಕ್ಕೂ ಮುನ್ನ, 1943ರಲ್ಲಿ ಅಮೆರಿಕದ ಪತ್ರಿಕೆಯೊಂದರ ಕಥೆಯಲ್ಲಿ ಅಚ್ಚಾಗಿತ್ತು. ಹಾಸ್ಯದ ಮಾತಿಗೆ ಯಜಮಾನ ಸಿಗದಿದ್ದರೆ ಅದು ತಾನಾಗಿಯೇ ಪ್ರಸಿದ್ಧನೊಬ್ಬನ ಮನೆ ಸೇರಿಕೊಳ್ಳುತ್ತದೆ. ನಮ್ಮಲ್ಲಿ ತೆನಾಲಿ ರಾಮಕೃಷ್ಣನಿಗೆ ಆದದ್ದೇ ಅಲ್ಲಿ ಬೆರಾ ಅವರಿಗೂ ಆಯಿತು. ಅವರಿಗೆ ಇದರ ಅರಿವಿತ್ತು. "ನಾನು ಹೇಳಿದ್ದೆಲ್ಲವನ್ನೂ ನಿಜವಾಗಿ ನಾನು ಹೇಳಲಿಲ್ಲ" ಎಂದು ಅವರೇ ಹೇಳಿಕೊಂಡಿದ್ದಾರೆ, ಮತ್ತು ಅದನ್ನು ಧೈರ್ಯವಾಗಿ ಅವರ ಹೆಸರಿನಲ್ಲಿಯೇ ಬರೆಯಬಹುದು. ವರ್ಷದ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸನ್ನು ಹತ್ತು ಬಾರಿ ಗೆದ್ದ ತಂಡದಲ್ಲಿ ಆಡಿದ, ಬ್ಯಾಟರ್‌ನ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರ್ ಎಂಬುದನ್ನೂ ಜೊತೆಗೆ ಬರೆಯಿರಿ, ಇಲ್ಲದಿದ್ದರೆ ಮಕ್ಕಳು ಅವರನ್ನು ಕೇವಲ ವಿದೂಷಕ ಎಂದುಕೊಳ್ಳುತ್ತಾರೆ.

ಡುರೋಷರ್ ಅವರ ಮಾತು ಹೆಚ್ಚು ಸ್ವಾರಸ್ಯಕರ, ಏಕೆಂದರೆ ಅದು ಹುಸಿಯಲ್ಲ, ಕತ್ತರಿಸಿ ಹೊಲಿದದ್ದು. 1946ರಲ್ಲಿ ಅವರು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಮ್ಯಾನೇಜರ್ ಆಗಿದ್ದರು. ಎದುರಾಳಿ ನ್ಯೂಯಾರ್ಕ್ ಜಯಂಟ್ಸ್ ತಂಡದ ಕಡೆ ಕೈತೋರಿಸಿ, ಒಳ್ಳೆಯವರೆಲ್ಲ ಅಲ್ಲಿದ್ದಾರೆ, ಏಳನೆಯ ಸ್ಥಾನದಲ್ಲಿ, ಎಂಬರ್ಥದಲ್ಲಿ ಅವರು ಹೇಳಿದ್ದನ್ನು ಪತ್ರಕರ್ತ ಫ್ರ್ಯಾಂಕ್ ಗ್ರಹಾಂ ಬರೆದುಕೊಂಡರು. ಆಗ ಲೀಗಿನಲ್ಲಿ ಎಂಟು ತಂಡಗಳಿದ್ದವು, ಅಂದರೆ ಏಳನೆಯದು ಕಡೆಯದಲ್ಲ. ಬಾಯಿಂದ ಬಾಯಿಗೆ ದಾಟುತ್ತ ಆ "ಏಳನೆಯ ಸ್ಥಾನ" ಸವೆದು "ಕಡೆಯ ಸ್ಥಾನ"ವಾಯಿತು, ಒಂದು ತಂಡದ ಮೇಲಿನ ಕೀಟಲೆ ಇಡೀ ಮನುಷ್ಯಕುಲದ ಬಗೆಗಿನ ತೀರ್ಪಾಯಿತು. ಆ ವರ್ಷ ಜಯಂಟ್ಸ್ ತಂಡ ಕೊನೆಗೆ ಎಂಟನೆಯದಾಗಿಯೇ ಮುಗಿಸಿತು ಎಂಬುದು ಬೇರೆ ಮಾತು.

ಜಾಕ್ಸನ್ ವಿಷಯದಲ್ಲಿ ಮಾತ್ರ ಒರೆಸುಬಟ್ಟೆ ಕೈಗೆತ್ತಿಕೊಳ್ಳಿ. 1919ರ ವರ್ಲ್ಡ್ ಸೀರೀಸ್‌ನಲ್ಲಿ ಹಣ ಪಡೆದು ಸೋತರೆಂಬ ಆರೋಪ ಶಿಕಾಗೊ ವೈಟ್ ಸಾಕ್ಸ್ ತಂಡದ ಎಂಟು ಮಂದಿಯ ಮೇಲೆ ಬಂತು. 1920ರಲ್ಲಿ ಜಾಕ್ಸನ್ ನ್ಯಾಯಾಲಯದಿಂದ ಹೊರಬರುವಾಗ ಬಾಲಕನೊಬ್ಬ ಆ ಮಾತು ಕೇಳಿದನೆಂದು ಪತ್ರಿಕೆಗಳು ಬರೆದವು. ಜಾಕ್ಸನ್ ಅದನ್ನು ಸಾರಾಸಗಟಾಗಿ ನಿರಾಕರಿಸಿದರು, ಅಂಥ ಬಾಲಕನೇ ತನಗೆ ಎದುರಾಗಲಿಲ್ಲ ಎಂದರು. ಆದರೆ ಪಕ್ಕದಲ್ಲೇ ದೃಢವಾದ ಸಂಗತಿಗಳಿವೆ. ಆ ಸರಣಿಯಲ್ಲಿ ಅವರು 12 ಹಿಟ್ ಹೊಡೆದಿದ್ದರು, ಬ್ಯಾಟಿಂಗ್ ಸರಾಸರಿ ಉತ್ತಮವೆನ್ನಬಹುದಾದ .375. 1921ರಲ್ಲಿ ತೀರ್ಪುಗಾರರ ಮಂಡಳಿ ವಿಚಾರಣೆಗೆ ಒಳಗಾದ ಆಟಗಾರರನ್ನೆಲ್ಲ ಬಿಡುಗಡೆ ಮಾಡಿತು, ಮರುದಿನವೇ ಬೇಸ್‌ಬಾಲ್ ಕಮಿಷನರ್ ಕೆನೆಸಾ ಮೌಂಟನ್ ಲ್ಯಾಂಡಿಸ್ ಎಂಟೂ ಮಂದಿಯನ್ನು ಆಜೀವ ಹೊರಹಾಕಿದರು. ಇಷ್ಟೆಲ್ಲ ಇರುವಾಗ ಬಾಲಕನನ್ನು ಸೃಷ್ಟಿಸುವ ಅಗತ್ಯವೇ ಇರಲಿಲ್ಲ.

ಮಣಿಪಾಲದ ಕ್ಯಾಚರ್:

ಗೆಹ್ರಿಗ್ ಅವರ ಮಾತು ನಿಜ. ಸತತ 2130 ಪಂದ್ಯಗಳನ್ನು ಆಡಿದ ಆ ಮನುಷ್ಯ 1939ರ ಮೇ ತಿಂಗಳಿನಲ್ಲಿ ತಾವಾಗಿಯೇ ಯಾಂಕೀಸ್ ತಂಡದಿಂದ ಹಿಂದೆ ಸರಿದರು. ಮುಂದಿನ ತಿಂಗಳು ಅವರಿಗೆ ಎಎಲ್‌ಎಸ್ ಎಂಬ ನರರೋಗವೆಂದು ತಿಳಿಯಿತು. ಜುಲೈ 4ರಂದು ಯಾಂಕಿ ಸ್ಟೇಡಿಯಂನಲ್ಲಿ 60 ಸಾವಿರಕ್ಕೂ ಹೆಚ್ಚು ಜನರ ಮುಂದೆ ನಿಂತು, ಕಳೆದ ಎರಡು ವಾರಗಳಿಂದ ನನಗೆ ಒದಗಿದ ಕೆಟ್ಟ ಗಳಿಗೆಯ ಬಗ್ಗೆ ನೀವು ಓದುತ್ತಿದ್ದೀರಿ, ಆದರೂ ಇಂದು ನಾನು ಈ ಭೂಮಿಯ ಮೇಲಿನ ಅತ್ಯಂತ ಅದೃಷ್ಟಶಾಲಿ ಮನುಷ್ಯ ಎಂದುಕೊಳ್ಳುತ್ತೇನೆ ಎಂದರು. ಎರಡು ವರ್ಷ ತುಂಬುವ ಮೊದಲೇ, 37ನೆಯ ವಯಸ್ಸಿನಲ್ಲಿ ತೀರಿಕೊಂಡರು. ಒಂದೇ ಎಚ್ಚರಿಕೆ ಸಾಕು: ಆ ಭಾಷಣದ ಪೂರ್ಣ ಧ್ವನಿಮುದ್ರಣ ಉಳಿದಿಲ್ಲ, ಸುದ್ದಿಚಿತ್ರದ ಕೆಲವು ತುಣುಕುಗಳಷ್ಟೇ ಇವೆ. "ಅದೃಷ್ಟಶಾಲಿ" ಎಂಬ ಮಾತು ಭಾಷಣದ ಆರಂಭದಲ್ಲಿತ್ತು. 1942ರ ಚಲನಚಿತ್ರದವರು ಪರಿಣಾಮಕ್ಕಾಗಿ ಅದನ್ನು ಕೊನೆಗೆ ತಳ್ಳಿದ್ದರಿಂದ ಅನೇಕರು ಅದನ್ನೇ ಮುಕ್ತಾಯವೆಂದು ನಂಬಿದ್ದಾರೆ.

ನಿಮ್ಮ ಪಟ್ಟಿಯಲ್ಲಿ ಇಲ್ಲದ, ಆದರೆ ಆ ಹುಡುಗಿಯ ಪ್ರಶ್ನೆಗೆ ನೇರವಾಗಿ ಉತ್ತರವಿರುವ ಒಂದು ಮಾತನ್ನು ಸೂಚಿಸುತ್ತೇನೆ. ಚೆಂಡೆಸೆಯುವ ಪಿಚರ್ ಒಬ್ಬ ಇಡೀ ಪಂದ್ಯದಲ್ಲಿ ಎದುರಾಳಿಯ 27 ಬ್ಯಾಟರ್‌ಗಳಲ್ಲಿ ಒಬ್ಬನನ್ನೂ ಬೇಸ್ ತಲುಪಗೊಡದೆ ಔಟ್ ಮಾಡಿದರೆ ಅದು ಪರ್ಫೆಕ್ಟ್ ಗೇಮ್. 2010ರ ಜೂನ್ 2ರಂದು ಡೆಟ್ರಾಯಿಟ್‌ನಲ್ಲಿ ಅರ್ಮಾಂಡೊ ಗಲರಾಗ 26 ಮಂದಿಯನ್ನು ಔಟ್ ಮಾಡಿದ್ದರು. 27ನೆಯವನು ಹೊಡೆದ ಚೆಂಡನ್ನು ಸಹ ಆಟಗಾರ ಹಿಡಿದು ಎಸೆದ, ಗಲರಾಗ ಸ್ವತಃ ಓಡಿಹೋಗಿ ಮೊದಲ ಬೇಸ್‌ನಲ್ಲಿ ಅದನ್ನು ಹಿಡಿದರು. ಓಟಗಾರ ತಲುಪುವ ಮೊದಲೇ ಚೆಂಡು ಬಂದಿತ್ತು. ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಚಾಚಿ "ಸೇಫ್" ಎಂದುಬಿಟ್ಟರು. ಗಲರಾಗ ಜಗಳಕ್ಕೆ ಹೋಗದೆ ಒಮ್ಮೆ ಮುಗುಳ್ನಕ್ಕು ಪಿಚರ್‌ನ ದಿಬ್ಬಕ್ಕೆ ಮರಳಿ ಮುಂದಿನವನನ್ನು ಔಟ್ ಮಾಡಿದರು. ಪಂದ್ಯ ಮುಗಿದ ಮೇಲೆ ವಿಡಿಯೊ ನೋಡಿದ ಜಾಯ್ಸ್, ಆ ಹುಡುಗನ ಪರ್ಫೆಕ್ಟ್ ಗೇಮ್ ನನ್ನಿಂದ ಹೋಯಿತು ಎಂದು ಪತ್ರಕರ್ತರ ಮುಂದೆಯೇ ಒಪ್ಪಿಕೊಂಡರು. ಅದಕ್ಕೆ ಗಲರಾಗ ಹೇಳಿದ್ದು: "ಯಾರೂ ಪರ್ಫೆಕ್ಟ್ ಅಲ್ಲ." ಮರುದಿನ ಪಂದ್ಯಕ್ಕೆ ಮುನ್ನ ತಂಡದ ಪಟ್ಟಿಯನ್ನು ಜಾಯ್ಸ್ ಅವರ ಕೈಗೆ ಕೊಟ್ಟವರೂ ಗಲರಾಗ. ಅಂಪೈರ್ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಕ್ಯಾಮೆರಾಗಳು ತೋರಿಸಿದವು. ದಾಖಲೆಯ ಪುಸ್ತಕದಲ್ಲಿ ಆ ಪಂದ್ಯ ಇಂದಿಗೂ ಒಂದು ಹಿಟ್ ಬಿಟ್ಟುಕೊಟ್ಟ ಪಂದ್ಯವೇ.

ಕೇಳಿದವರು ಯಾರು ಎಂದರೆ, ಇದನ್ನು ಎಲ್ಲರೂ ಕೇಳಿದ್ದಾರೆ.

ಅರ್ಥಗಾರಿಕೆ ಪ್ರಿಯ:

ಒಂದು ಆಕ್ಷೇಪವನ್ನು ವಿನಯದಿಂದ ಮುಂದಿಡುತ್ತೇನೆ. ಯಕ್ಷಗಾನದ ತಾಳಮದ್ದಳೆಯಲ್ಲಿ ಪದ್ಯ ಮಾತ್ರ ಪ್ರಸಂಗದ್ದು, ಉಳಿದ ಮಾತೆಲ್ಲ ಪಾತ್ರವಾಗಿ ಅರ್ಥ ಹೇಳುವ ಅರ್ಥಧಾರಿಯದು. ಹೆಸರಾಂತ ಅರ್ಥಧಾರಿ ಶೇಣಿಯವರ ವಾಲಿ ರಾಮನಿಗೆ ಹಾಕಿದ ಪ್ರಶ್ನೆಗಳು ಪ್ರಸಂಗದ ಪುಸ್ತಕದಲ್ಲಿ ಇರಲಿಲ್ಲ, ಹಾಗೆಂದು ಅದು ವಾಲಿಯ ಮಾತಲ್ಲ ಎಂದು ಯಾರೂ ಎದ್ದು ಹೋಗಲಿಲ್ಲ. ಜಾಕ್ಸನ್‌ನನ್ನು ಆರಾಧಿಸಿದ ಸಾವಿರಾರು ಮಕ್ಕಳ ಮನಸ್ಸಿನಲ್ಲಿ ಇದ್ದದ್ದನ್ನೇ ಪತ್ರಕರ್ತ ಒಬ್ಬ ಬಾಲಕನ ಬಾಯಲ್ಲಿ ಇಟ್ಟಿದ್ದರೆ, ಅದು ಅರ್ಥಗಾರಿಕೆಯೇ ಅಲ್ಲವೆ? 1932ರ ವರ್ಲ್ಡ್ ಸೀರೀಸ್‌ನಲ್ಲಿ ಬೇಬ್ ರೂತ್ ಮೈದಾನದ ಅಂಚಿನ ಕಡೆ ಬೆರಳು ತೋರಿಸಿ ಅಲ್ಲಿಗೇ ಹೋಂ ರನ್ ಹೊಡೆದರೆಂಬ ಕಥೆಯನ್ನು ಒರೆಸಿದರೆ ಬೇಸ್‌ಬಾಲ್‌ನಲ್ಲಿ ಉಳಿಯುವುದು ಬರಿಯ ಅಂಕಿ ಅಂಶ.

ಬಿಜೈಯ ಓದುಗ:

ಹೋಲಿಕೆ ಚೆನ್ನಾಗಿದೆ, ಆದರೆ ಅದು ಪೂರ್ತಿ ಹೊಂದುವುದಿಲ್ಲ. ತಾಳಮದ್ದಳೆಗೆ ಕುಳಿತವನಿಗೆ ಮಾತು ಅರ್ಥಧಾರಿಯದ್ದೆಂದು ಗೊತ್ತಿರುತ್ತದೆ, ಆ ತಿಳಿವಳಿಕೆಯಲ್ಲಿಯೇ ರಸವಿದೆ. ಪತ್ರಿಕೆಯವರು ಉದ್ಧರಣ ಚಿಹ್ನೆ ಹಾಕಿದಾಗ ಬೇರೆಯೇ ಭಾಷೆ ಕೊಟ್ಟಿರುತ್ತಾರೆ. ರೂತ್ ಕೈ ಎತ್ತಿದ್ದು ನಿಜ, ಮುಂದಿನ ಎಸೆತವೊಂದನ್ನು ಮೈದಾನದಾಚೆಗೆ ಹೊಡೆದದ್ದೂ ನಿಜ. ಬೆರಳು ತೋರಿಸಿದ್ದು ಅಂಚಿನ ಕಡೆಗೋ, ಪಿಚರ್ ಚಾರ್ಲಿ ರೂಟ್ ಕಡೆಗೋ, ಕೆಣಕುತ್ತಿದ್ದ ಎದುರಾಳಿಗಳ ಕಡೆಗೋ ಎಂಬುದು ಉಳಿದಿರುವ ಚಿತ್ರತುಣುಕುಗಳಿಂದಲೂ ಇತ್ಯರ್ಥವಾಗಿಲ್ಲ, ರೂಟ್ ಅಂತೂ ಕಡೆಯವರೆಗೂ ಒಪ್ಪಲಿಲ್ಲ. ಆ ಮೂರೂ ಸಾಧ್ಯತೆಗಳನ್ನು ಬರೆದರೆ ಕಥೆ ದೊಡ್ಡದಾಗುತ್ತದೆಯೇ ಹೊರತು ಸಣ್ಣದಾಗುವುದಿಲ್ಲ. ನಮ್ಮಲ್ಲಿಯೇ 2020ರ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದ್ದೇ ದೊಡ್ಡ ಸಂಗತಿಯಾಗಿತ್ತು. ಅದನ್ನು 100 ಮೀಟರಿಗೆ ಭಾಗಿಸಿ ಓಟಗಾರ ಉಸೇನ್ ಬೋಲ್ಟ್ ಜೊತೆ ನಿಲ್ಲಿಸಿದವರು ಕೋಣಗಳನ್ನೇ ಮರೆತರು.

ನೆಹರೂ ಮೈದಾನದ ಸ್ಕೋರರ್:

ಡಬಲ್‌ಡೇ ಕಥೆಗೆ ಯಾರೂ ಕೈಹಾಕಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಕ್ರಿಕೆಟ್ ಪಂದ್ಯಗಳಿಗೆ ಸ್ಕೋರ್ ಬರೆಯುವವನಿಗೆ ಈ ಕಥೆಯ ಎದುರು ಪಕ್ಷದಲ್ಲಿರುವ ಹೆನ್ರಿ ಚಾಡ್ವಿಕ್ ಸ್ವಂತದವರಂತೆ ಕಾಣುತ್ತಾರೆ.

ಇಂಗ್ಲೆಂಡಿನಲ್ಲಿ ಹುಟ್ಟಿ ಬಾಲ್ಯದಲ್ಲಿ ಅಮೆರಿಕಕ್ಕೆ ಬಂದ ಚಾಡ್ವಿಕ್ ಮೊದಲು ಕ್ರಿಕೆಟ್ ವರದಿಗಾರ. ಬೇಸ್‌ಬಾಲ್ ಕಡೆ ತಿರುಗಿದಾಗ ಸ್ಕೋರ್ ಪಟ್ಟಿಯ ಕಲ್ಪನೆಯನ್ನೂ ಜೊತೆಗೆ ತಂದರು. ಮೂರು ಅವಕಾಶ ಕಳೆದುಕೊಂಡು ಬ್ಯಾಟರ್ ಔಟಾಗುವ ಸ್ಟ್ರೈಕ್‌ಔಟ್‌ಗೆ ಇಂದಿಗೂ ಬರೆಯುವ "ಕೆ" ಅಕ್ಷರ ಅವರದ್ದೇ. "ಎಸ್" ಅನ್ನು, ತಾನು ಔಟಾಗಿ ಜೊತೆಯವನನ್ನು ಮುಂದೆ ಸಾಗಿಸುವ ಸ್ಯಾಕ್ರಿಫೈಸ್‌ಗೆ ಕೊಟ್ಟಾಗಿತ್ತು, ಆದ್ದರಿಂದ "ಸ್ಟ್ರಕ್" ಎಂಬ ಪದದ ಕೊನೆಯ ಅಕ್ಷರವನ್ನು ಹಿಡಿದರು. ಬೇಸ್‌ಬಾಲ್ ಇಂಗ್ಲೆಂಡಿನ ರೌಂಡರ್ಸ್ ಆಟದಿಂದ ಬೆಳೆಯಿತು ಎಂಬುದು ಅವರ ವಾದ. ಕ್ರೀಡಾಸಾಮಗ್ರಿಗಳ ವ್ಯಾಪಾರಿಯಾಗಿದ್ದ ಮಾಜಿ ಆಟಗಾರ ಆಲ್ಬರ್ಟ್ ಸ್ಪಾಲ್ಡಿಂಗ್‌ಗೆ ಇದು ಹಿಡಿಸಲಿಲ್ಲ. ಅವರ ಒತ್ತಾಯದಿಂದ 1905ರಲ್ಲಿ ರಚನೆಯಾದ ಮಿಲ್ಸ್ ಆಯೋಗ ಎರಡು ವರ್ಷಗಳ ಬಳಿಕ, 1839ರಲ್ಲಿ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿ ಡಬಲ್‌ಡೇ ಈ ಆಟವನ್ನು ರೂಪಿಸಿದರು ಎಂದು ತೀರ್ಪಿತ್ತಿತು. ಆಧಾರ ಮುಖ್ಯವಾಗಿ ಅಬ್ನರ್ ಗ್ರೇವ್ಸ್ ಎಂಬ ವೃದ್ಧರ ಪತ್ರ, 1839ರಲ್ಲಿ ಅವರ ವಯಸ್ಸು ಐದು! ಆ ವರ್ಷ ಡಬಲ್‌ಡೇ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ವಿದ್ಯಾರ್ಥಿ. ಆಯೋಗ ಕೂಡುವ ಹೊತ್ತಿಗೆ ಅವರು ತೀರಿಕೊಂಡು ಹನ್ನೆರಡು ವರ್ಷಗಳಾಗಿದ್ದವು, ಕೇಳಲು ಅವರೇ ಇರಲಿಲ್ಲ. ಆದರೂ ಆ ಕಥೆಯನ್ನು ನಂಬಿಯೇ 1939ರಲ್ಲಿ ಕೂಪರ್ಸ್‌ಟೌನ್‌ನಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವಭವನ ಹಾಲ್ ಆಫ್ ಫೇಮ್ ಬಾಗಿಲು ತೆರೆಯಿತು. ಅಲ್ಲಿ ಗೌರವ ಪಡೆದವರ ಸಾಲಿನಲ್ಲಿ ಚಾಡ್ವಿಕ್ ಇದ್ದಾರೆ, ಡಬಲ್‌ಡೇ ಇಲ್ಲ.

ಬೋರ್ಡಿಗೆ 1846ರ ಜೂನ್ 19 ಎಂದು ಬರೆಯಿರಿ. ಹೊಬೋಕೆನ್‌ನಲ್ಲಿ ನಿಕರ್‌ಬಾಕರ್ ಕ್ಲಬ್ ತಾನೇ ಬರೆದ ನಿಯಮಗಳಂತೆ ಆಡಿ 23-1 ಅಂತರದಲ್ಲಿ ಸೋತ ದಿನ ಅದು. ನಿಯಮ ಬರೆದವರೇ ಹಾಗೆ ಸೋತದ್ದಕ್ಕೆ ಕಾಗದದ ದಾಖಲೆ ಇದೆ.

ಅಜ್ಜರಕಾಡಿನ ಮೇಷ್ಟ್ರು:

ಎಲ್ಲರಿಗೂ ಕೃತಜ್ಞತೆಗಳು. ಇಂದು ಬೆಳಗ್ಗೆ ಈ ಉತ್ತರಗಳನ್ನು ಮಕ್ಕಳಿಗೆ ಓದಿ ಹೇಳಿದೆ. ಕರಿಹಲಗೆಯ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ಆಡಿದ ಮಾತು, ಬಲಕ್ಕೆ ಆಡಿಸಿದ ಮಾತು ಎಂದು ವಿಂಗಡಿಸುವುದೆಂದು ತೀರ್ಮಾನವಾಯಿತು. ಇದರಿಂದ ಅರ್ಥಗಾರಿಕೆ ಪ್ರಿಯರಿಗೂ ಅನ್ಯಾಯವಾಗದು ಎಂದುಕೊಂಡಿದ್ದೇನೆ. ಜಾಕ್ಸನ್‌ನ ಬಾಲಕ ಬಲಕ್ಕೆ ಹೋದ. ಡುರೋಷರ್ ಬಗ್ಗೆ ಕಾಲು ಗಂಟೆ ವಾದ ನಡೆದು, ಏಳನೆಯ ಸ್ಥಾನ ಎಡಕ್ಕೂ ಕಡೆಯ ಸ್ಥಾನ ಬಲಕ್ಕೂ ಹೋದವು.

ಮೊದಲು ಪ್ರಶ್ನೆ ಕೇಳಿದವಳಿಗೆ ಸೋಮವಾರದ ಮಾತನ್ನು ಆರಿಸುವ ಹೊಣೆ ಕೊಟ್ಟೆ. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ತಂಡಕ್ಕೆ ಆಡಿ ವರ್ಣಭೇದದ ಗೋಡೆ ಒಡೆದ ಜಾಕಿ ರಾಬಿನ್ಸನ್ ಅವರ ಮಾತನ್ನು ಅವಳು ಆರಿಸಿದಳು: "ಇತರರ ಬದುಕಿನ ಮೇಲೆ ಬೀರಿದ ಪ್ರಭಾವವನ್ನು ಬಿಟ್ಟರೆ ಒಂದು ಬದುಕಿಗೆ ಬೇರೆ ಮಹತ್ವವಿಲ್ಲ." ಕಾರಣ ಕೇಳಿದಾಗ, ಅದನ್ನು ಅವರ ಸಮಾಧಿಯ ಕಲ್ಲಿನ ಮೇಲೆಯೇ ಕೆತ್ತಿದ್ದಾರಂತೆ ಸರ್, ಬೇಕಾದವರು ಹೋಗಿ ನೋಡಿ ಬರಬಹುದು ಎಂದಳು.