ಡಬ್ಲಿನ್‌ನಲ್ಲಿ ನಾಲ್ಕು ದಿನ: ಐರಿಷ್ ಅಡುಗೆಯಲ್ಲಿ ಏನು ತಿನ್ನಬೇಕು, ಎಲ್ಲಿ ಎಚ್ಚರ ಬೇಕು?

ಪ್ರಶ್ನೆ: ಹೇಮಾವತಿ_ಬಯಲು

ಅಕ್ಟೋಬರ್ ಕೊನೆಯ ವಾರ ಡಬ್ಲಿನ್‌ನಲ್ಲಿ ಇರುತ್ತೇವೆ. ಐದು ಜನ. ಮೂವರಿಗೆ ಮೀನು, ಕುರಿ, ಹಂದಿ ಎಲ್ಲ ನಡೆಯುತ್ತದೆ, ದನದ ಮಾಂಸ ಮಾತ್ರ ಯಾರಿಗೂ ಬೇಡ. ಇಬ್ಬರು ಸಸ್ಯಾಹಾರಿಗಳು, ಮೊಟ್ಟೆ ಪರವಾಗಿಲ್ಲ. ಇಂಡಿಯನ್ ಹೋಟೆಲುಗಳ ಪಟ್ಟಿ ನಮ್ಮ ಹತ್ತಿರ ಇದೆ, ಅದು ಬೇಡ. ಅಲ್ಲಿಯವರು ಮನೆಯಲ್ಲಿ ತಿನ್ನುವಂಥದ್ದು ಬೇಕು.

ಐರಿಷ್ ಸ್ಟ್ಯೂ ಮತ್ತು ಕಾಡಲ್ ಎರಡೂ ಒಂದೇನಾ? ಚೆನ್ನಾಗಿ ಮಾಡಿದ್ದು ಯಾವುದು, ಪ್ರವಾಸಿಗರಿಗೆಂದು ಬಡಿಸಿದ್ದು ಯಾವುದು ಅಂತ ನೋಡಿದ ಕೂಡಲೇ ತಿಳಿಯುವುದು ಹೇಗೆ? ಎಂಟು ವರ್ಷದ ಮಗುವನ್ನು ಪಬ್ಬಿನೊಳಗೆ ಬಿಡುತ್ತಾರಾ?

ಉತ್ತರ 1: ಲಿಫಿ_ದಂಡೆ

ಮೊದಲು ಮಗುವಿನ ವಿಷಯ. ಹದಿನೈದು ವರ್ಷದೊಳಗಿನವರು ಹೆತ್ತವರ ಅಥವಾ ಪೋಷಕರ ಜೊತೆ ರಾತ್ರಿ 9ರವರೆಗೆ ಪಬ್ಬಿನಲ್ಲಿ ಕೂರಬಹುದು. ಮೇಯಿಂದ ಸೆಪ್ಟೆಂಬರ್‌ವರೆಗೆ 10ರ ತನಕ, ನೀವು ಹೋಗುವ ಹೊತ್ತಿಗೆ ಅದು ಮುಗಿದಿರುತ್ತದೆ. ಹೇಗೂ ಬಹಳಷ್ಟು ಪಬ್ಬುಗಳ ಅಡುಗೆಮನೆ 9ರ ಆಸುಪಾಸಿನಲ್ಲೇ ಬಂದ್ ಆಗುತ್ತದೆ. ಈ ಊರಿನ ಹಳೆಯ ಅಡುಗೆಗೆ ಮಧ್ಯಾಹ್ನವೇ ಒಳ್ಳೆಯದು. ಬೆಳಿಗ್ಗೆ ಒಲೆಗೇರಿಸಿದ ಪಾತ್ರೆ ಹನ್ನೆರಡೂವರೆಗೆ ಹದಕ್ಕೆ ಬಂದಿರುತ್ತದೆ, ರಾತ್ರಿ ಸಿಗುವುದು ಅದನ್ನೇ ಮತ್ತೆ ಬಿಸಿ ಮಾಡಿದ್ದು.

ಕಾಡಲ್ ಮತ್ತು ಸ್ಟ್ಯೂ ಒಂದೇ ಅಲ್ಲ. ಸ್ಟ್ಯೂ ಇಡೀ ದೇಶದ್ದು, ಕಾಡಲ್ ಡಬ್ಲಿನ್‌ನದು. ದಕ್ಷಿಣದ ಕಾರ್ಕ್ ಕಡೆಯವರು ಅದನ್ನು ಕಂಡರೆ ಮೂಗು ಮುರಿಯುತ್ತಾರೆ. ಕಾರಣವೂ ಇದೆ, ನೋಡಲು ಅದು ಚೆಂದವಿಲ್ಲ. ಹಂದಿ ಸಾಸೇಜು, ಹೊಗೆ ಹಾಕದ ಬೇಕನ್ (ಉಪ್ಪಿನಲ್ಲಿ ಹದ ಮಾಡಿದ ಹಂದಿ ಮಾಂಸ), ಈರುಳ್ಳಿ, ಆಲೂಗಡ್ಡೆ, ಎಲ್ಲವನ್ನೂ ಪದರ ಪದರವಾಗಿ ಹಾಕಿ ನೀರಿನಲ್ಲೇ ಬೇಯಿಸುತ್ತಾರೆ. ಯಾವುದನ್ನೂ ಹುರಿಯುವುದಿಲ್ಲ, ಹಾಗಾಗಿ ಸಾಸೇಜು ಬಿಳಿಚಿಕೊಂಡೇ ತಟ್ಟೆಗೆ ಬರುತ್ತದೆ. ಕಂದು ಬಣ್ಣಕ್ಕೆ ಹುರಿದ ಸಾಸೇಜು, ಟೊಮ್ಯಾಟೊ, ದಪ್ಪ ಗ್ರೇವಿ ಕಂಡರೆ ಅದು ಪ್ರವಾಸಿಗರ ಕಣ್ಣಿಗೆ ತಿದ್ದಿದ್ದು.

ಅಳತೆ ಗೊತ್ತಿದ್ದರೆ ಗುರುತಿಸುವುದು ಸುಲಭ. ನಾಲ್ವರಿಗೆ ಅರ್ಧ ಕೆಜಿ ಸಾಸೇಜು, ಕಾಲು ಕೆಜಿ ದಪ್ಪ ಬೇಕನ್, ಎರಡು ಮೂರು ಈರುಳ್ಳಿ, ಒಂದು ಕೆಜಿ ಆಲೂಗಡ್ಡೆ, ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು, ಬಿಳಿ ಮೆಣಸಿನಪುಡಿ, ಕೈತುಂಬ ಪಾರ್ಸ್ಲಿ ಸೊಪ್ಪು. ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ. ಜೋರಾಗಿ ಕುದಿಸಿದರೆ ಸಾಸೇಜು ಸಿಡಿದು ಒಳಗಿನದೆಲ್ಲ ಸಾರಿಗೆ ಕಲಸಿಹೋಗುತ್ತದೆ. ಉಪ್ಪನ್ನು ಕೊನೆಯಲ್ಲಿ ರುಚಿ ನೋಡಿಯೇ ಹಾಕಬೇಕು, ಏಕೆಂದರೆ ಬೇಕನ್‌ನಲ್ಲೇ ಸಾಕಷ್ಟು ಇರುತ್ತದೆ. ತಿನ್ನಲಾಗದಷ್ಟು ಉಪ್ಪಾದ ಕಾಡಲ್ ಸಿಕ್ಕರೆ ತಪ್ಪು ಸಾಮಾನ್ಯವಾಗಿ ಅಲ್ಲೇ ಆಗಿರುತ್ತದೆ. ಸಾರು ತೆಳ್ಳಗಿರಬೇಕು. ಅದಕ್ಕೆ ಅದ್ದಿಕೊಳ್ಳಲು ಸೋಡಾ ಬ್ರೆಡ್ (ಯೀಸ್ಟ್ ಬದಲು ಅಡುಗೆ ಸೋಡಾದಿಂದ ಉಬ್ಬಿಸಿದ್ದು) ಕೊಡುತ್ತಾರೆ.

ಕಾಡಲ್‌ಗೆ ಹೆಸರಾದ ಜಾಗ ಗ್ಲ್ಯಾಸ್ನೆವಿನ್ ಸ್ಮಶಾನದ ಗೋಡೆಗೆ ತಾಗಿಕೊಂಡಿರುವ ಜಾನ್ ಕ್ಯಾವನಾಸ್. 1833ರ ಪಬ್, ಎಲ್ಲರೂ ‘ಗ್ರೇವ್‌ಡಿಗರ್ಸ್’ ಅಂತಲೇ ಕರೆಯುವುದು. ಟಿವಿ ಇಲ್ಲ, ಹಾಡಿಲ್ಲ. ನಗರದ ಮಧ್ಯದಿಂದ ಬಸ್ ಹಿಡಿಯಬೇಕು. ಅಡುಗೆ ಇಡೀ ದಿನ ಇರುವುದಿಲ್ಲ, ಹೊರಡುವ ಮುಂಚೆ ಫೋನ್ ಮಾಡಿ ಕೇಳಿ.

ಉತ್ತರ 2: ಕುರಿಮಂದೆ

ಸ್ಟ್ಯೂ ಬಗ್ಗೆ ನಾನು ಸೇರಿಸುತ್ತೇನೆ, ದನದ ಮಾಂಸ ಬೇಡ ಅಂದಿರುವುದರಿಂದ ಇದು ಮುಖ್ಯ. ಮೆನುವಿನಲ್ಲಿ ‘ಐರಿಷ್ ಸ್ಟ್ಯೂ’ ಅಂತಿದ್ದರೆ ಸಾಮಾನ್ಯವಾಗಿ ಕುರಿ. ‘ಗಿನ್ನೆಸ್ ಸ್ಟ್ಯೂ’ ಅಥವಾ ‘ಸ್ಟೌಟ್ ಸ್ಟ್ಯೂ’ (ಕಪ್ಪು ಬಿಯರ್ ಹಾಕಿದ್ದು) ಅಂತಿದ್ದರೆ ದನ. ಪ್ರವಾಸಿಗರು ಸೇರುವ ಟೆಂಪಲ್ ಬಾರ್ ಎಂಬ ಬಡಾವಣೆಯ ಕಡೆ ಕೆಲವರು ಎರಡನ್ನೂ ‘ಸ್ಟ್ಯೂ’ ಅಂತಷ್ಟೇ ಬರೆದಿರುತ್ತಾರೆ. ಕೇಳದೆ ಆರ್ಡರ್ ಮಾಡಬೇಡಿ.

ಹಳೆಯ ಪದ್ಧತಿಯಲ್ಲಿ ಕುರಿಯ ಕುತ್ತಿಗೆಯ ಮಾಂಸ ಒಂದು ಕೆಜಿ, ಆಲೂಗಡ್ಡೆ ಒಂದು ಕೆಜಿ, ಈರುಳ್ಳಿ ಅರ್ಧ ಕೆಜಿ, ನೀರು, ಉಪ್ಪು, ಸ್ವಲ್ಪ ಥೈಮ್. ಅಷ್ಟೇ. ಕ್ಯಾರೆಟ್ ಹಾಕಬಹುದೋ ಬಾರದೋ ಅಂತ ಅಲ್ಲಿಯವರು ಇಂದಿಗೂ ಜಗಳವಾಡುತ್ತಾರೆ. ನನ್ನ ಮತ ಬೇಡ ಎಂಬವರ ಕಡೆ: ಕ್ಯಾರೆಟ್ ಸಿಹಿ ಬಿಟ್ಟು ಕುರಿಯ ರುಚಿಯನ್ನು ಮುಚ್ಚುತ್ತದೆ. ಆದರೆ ಕ್ಯಾರೆಟ್ ಇದೆ ಅಂತ ತಟ್ಟೆ ವಾಪಸ್ ಕಳಿಸುವಷ್ಟು ದೊಡ್ಡ ಅಪರಾಧವೇನಲ್ಲ.

ನೋಡಬೇಕಾದ್ದು ಸಾರನ್ನು. ಸರಿಯಾದ ಸ್ಟ್ಯೂನಲ್ಲಿ ಹಿಟ್ಟು ಇರುವುದಿಲ್ಲ. ಅರ್ಧದಷ್ಟು ಆಲೂಗಡ್ಡೆಯನ್ನು ತೆಳ್ಳಗೆ ಹೆಚ್ಚಿ ತಳಕ್ಕೆ ಹಾಕುತ್ತಾರೆ, ಅದು ಕರಗಿ ಸಾರಿಗೆ ಮೈ ಕೊಡುತ್ತದೆ. ಉಳಿದ ಅರ್ಧ ದೊಡ್ಡ ಹೋಳಾಗಿ ಮೇಲೆ ಬೇಯುತ್ತದೆ. ಕಂದು ಬಣ್ಣದ, ಹೊಳೆಯುವ, ಅಂಟು ಗ್ರೇವಿ ಬಂದರೆ ಅದಕ್ಕೆ ಪುಡಿ ಬೆರೆಸಿದ್ದಾರೆ. ಇನ್ನೊಂದು ಮಾತು, ಈಗ ಬಲಿತ ಕುರಿಗಿಂತ ಮರಿ ಮಾಂಸವೇ ಹೆಚ್ಚು. ಅದು ಬೇಗ ಬೇಯುತ್ತದೆ, ರುಚಿ ಮಾತ್ರ ಸ್ವಲ್ಪ ಸಪ್ಪೆ.

ನಮ್ಮ ನಾಲಿಗೆಗೆ ಇವೆಲ್ಲ ಖಾರವಿಲ್ಲದ ಊಟ. ಮೇಜಿನ ಮೇಲಿನ ಬಿಳಿ ಮೆಣಸಿನಪುಡಿಯನ್ನು ನಾಚಿಕೆಯಿಲ್ಲದೆ ಉದುರಿಸಿಕೊಳ್ಳಿ, ಅಲ್ಲಿಯವರೂ ಹಾಗೆಯೇ ಮಾಡುತ್ತಾರೆ.

ಉತ್ತರ 3: ಬೆಣ್ಣೆ_ಬಟ್ಟಲು

ಸಸ್ಯಾಹಾರಿಗಳಿಗೆ ನೀವು ಸರಿಯಾದ ವಾರವನ್ನೇ ಆರಿಸಿದ್ದೀರಿ. ಅಕ್ಟೋಬರ್ 31, ಹ್ಯಾಲೋವೀನ್, ಕ್ಯಾಥೊಲಿಕ್ಕರಿಗೆ ಹಿಂದೆ ಮಾಂಸ ಬಿಡುವ ದಿನವಾಗಿತ್ತು. ಆ ಹಬ್ಬದ ಅಡುಗೆ ಹಾಗಾಗಿ ಆಲೂಗಡ್ಡೆ, ಸೊಪ್ಪು, ಬೆಣ್ಣೆ, ಒಣಹಣ್ಣಿನ ಸುತ್ತಲೇ ಬೆಳೆದಿದೆ.

ಕೊಲ್ಕ್ಯಾನನ್, ಅಂದರೆ ಸೊಪ್ಪು ಬೆರೆಸಿದ ಬೇಯಿಸಿ ಮಸೆದ ಆಲೂಗಡ್ಡೆ, ಅದರಲ್ಲಿ ಮೊದಲನೆಯದು. ಒಂದು ಕೆಜಿ ಹಿಟ್ಟಾಗುವ ಆಲೂಗಡ್ಡೆ (ಅಲ್ಲಿ ರೂಸ್ಟರ್, ಕೆರ್ಸ್ ಪಿಂಕ್ ಎಂಬ ತಳಿಗಳು), ಕಾಲು ಕೆಜಿ ಕೇಲ್ ಸೊಪ್ಪು ಅಥವಾ ಎಲೆಕೋಸು, ಬಿಸಿ ಹಾಲು ಕಾಲು ಲೀಟರ್, ಬೆಣ್ಣೆ 100 ಗ್ರಾಂ. ಮಧ್ಯದಲ್ಲಿ ಗುಳಿ ಮಾಡಿ ಬೆಣ್ಣೆ ಕರಗಲು ಬಿಡುತ್ತಾರೆ, ಅಂಚಿನಿಂದ ತೆಗೆದು ಅದರಲ್ಲಿ ಅದ್ದಿ ತಿನ್ನಬೇಕು. ಹಾಲು ತಣ್ಣಗಿದ್ದರೆ ಅಥವಾ ಮಿಕ್ಸಿಗೆ ಹಾಕಿದರೆ ಗೋಂದಿನಂತಾಗುತ್ತದೆ. ಸೊಪ್ಪಿನ ಬದಲು ಎಳೆ ಈರುಳ್ಳಿ ದಂಟು ಹಾಕಿದ್ದು ಚಾಂಪ್, ಉತ್ತರದ ಅಲ್ಸ್ಟರ್ ಕಡೆಯದು. ಎರಡಕ್ಕೂ ಒಂದು ಎಚ್ಚರಿಕೆ: ಕೆಲವು ಅಡುಗೆಮನೆಗಳಲ್ಲಿ ಎಲೆಕೋಸನ್ನು ಬೇಕನ್ ಬೆಂದ ನೀರಿನಲ್ಲೇ ಬೇಯಿಸುತ್ತಾರೆ, ಕೆಲವರು ಬೇಕನ್ ಚೂರು ಬೆರೆಸುತ್ತಾರೆ.

ಬಾಕ್ಸ್ಟಿ ಲೀಟ್ರಿಮ್, ಕ್ಯಾವನ್ ಕಡೆಯದು. ತುರಿದ ಹಸಿ ಆಲೂಗಡ್ಡೆ, ಬೇಯಿಸಿ ಮಸೆದ ಆಲೂಗಡ್ಡೆ, ಮೈದಾ ಮೂರೂ ಸಮ ಸಮ, ಜೊತೆಗೆ ಚಿಟಿಕೆ ಸೋಡಾ, ಮಜ್ಜಿಗೆ. ಕಾವಲಿಯ ಮೇಲೆ ದೋಸೆಯ ಹಾಗೆ ಹುಯ್ಯುತ್ತಾರೆ. ತುರಿಯನ್ನು ಹಿಂಡದಿದ್ದರೆ ಒಳಗೆ ಹಸಿಯಾಗಿ ಉಳಿಯುತ್ತದೆ, ತುರಿದಿಟ್ಟು ತಡ ಮಾಡಿದರೆ ಬೂದು ಬಣ್ಣಕ್ಕೆ ತಿರುಗುತ್ತದೆ. ಟೆಂಪಲ್ ಬಾರ್‌ನಲ್ಲಿ 1988ರಿಂದ ಗ್ಯಾಲಗರ್ಸ್ ಬಾಕ್ಸ್ಟಿ ಹೌಸ್ ಇದೆ. ಜನಜಂಗುಳಿ ಇರುವ ಜಾಗವಾದರೂ ಇದಕ್ಕಾಗಿ ಹೋಗಬಹುದು. ಹೂರಣ ಯಾವುದೆಂದು ಕೇಳಿ ಆರಿಸಿ.

ಬಾರ್ಮ್‌ಬ್ರ್ಯಾಕ್ ಅಂದರೆ ಚಹಾದಲ್ಲಿ ನೆನೆಸಿದ ದ್ರಾಕ್ಷಿ ಹಾಕಿದ ಬ್ರೆಡ್ಡು. ಆ ವಾರ ಪ್ರತಿ ಬೇಕರಿ, ಸೂಪರ್‌ಮಾರ್ಕೆಟ್‌ನಲ್ಲೂ ಸಿಗುತ್ತದೆ. ಹ್ಯಾಲೋವೀನ್‌ದಾದರೆ ಒಳಗೆ ಉಂಗುರ ಇಟ್ಟಿರುತ್ತಾರೆ. ಮಗುವಿಗೆ ಕೊಡುವ ಮುಂಚೆ ಹೋಳನ್ನು ಮುರಿದು ನೋಡಿ.

ಇನ್ನು ಮೋಸ ಹೋಗುವ ಜಾಗಗಳು. ಮೆನುವಿನಲ್ಲಿ ಪ್ರತಿ ತಿಂಡಿಯ ಎದುರು ಸಣ್ಣ ಅಂಕಿಗಳಿರುತ್ತವೆ, ಅವು ಯುರೋಪಿನ ಕಾನೂನಿನ ಹದಿನಾಲ್ಕು ಅಲರ್ಜಿ ಪದಾರ್ಥಗಳು. ಮೀನು, ಸಿಗಡಿ, ಹಾಲು, ಗೋಧಿ ಅದರಲ್ಲಿ ಬರುತ್ತವೆ, ಮಾಂಸದ ಸ್ಟಾಕ್ (ಮಾಂಸ, ಎಲುಬು ಬೇಯಿಸಿದ ನೀರು) ಬರುವುದಿಲ್ಲ. ಅಂಕಿ ನೋಡಿ ಸಸ್ಯಾಹಾರ ಅಂತ ತೀರ್ಮಾನಿಸಬೇಡಿ. ‘ವೆಜಿಟೆಬಲ್ ಸೂಪ್’ ಕೋಳಿಯ ಸ್ಟಾಕಿನಲ್ಲಿ ಮಾಡಿದ್ದಿರಬಹುದು. ಚಿಪ್ಸ್ ಕೆಲವು ಹಳೆಯ ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿದಿರುತ್ತದೆ. ‘ಬೀಫ್ ಡ್ರಿಪ್ಪಿಂಗ್ ಬಳಸುತ್ತೀರಾ?’ ಅಂತ ನೇರವಾಗಿ ಕೇಳಿದರೆ ನೇರವಾಗಿಯೇ ಹೇಳುತ್ತಾರೆ.

ಐರಿಷ್ ಬ್ರೇಕ್‌ಫಾಸ್ಟ್‌ನ ಬ್ಲ್ಯಾಕ್ ಪುಡಿಂಗ್ ಸಿಹಿಯಲ್ಲ, ಒಂದು ಬಗೆಯ ಸಾಸೇಜು, ಸಾಮಾನ್ಯವಾಗಿ ಹಂದಿಯ ರಕ್ತ ಮತ್ತು ಓಟ್ಸ್‌ನದು. ಆದರೆ ತುಂಬ ಹೆಸರಾದ ಕ್ಲೊನಕಿಲ್ಟಿ ಬ್ರ್ಯಾಂಡಿನದರಲ್ಲಿ ಇರುವುದು ದನದ್ದು. ನಿಮ್ಮಲ್ಲಿ ಮೂವರಿಗೂ ಇದು ಅನ್ವಯಿಸುತ್ತದೆ. ವೈಟ್ ಪುಡಿಂಗ್‌ನಲ್ಲಿ ರಕ್ತವಿಲ್ಲ, ಮಾಂಸ ಇದೆ.

ಹೇಮಾವತಿ_ಬಯಲು

ಬ್ಲ್ಯಾಕ್ ಪುಡಿಂಗ್ ವಿಷಯ ಯಾರೂ ಹೇಳಿರಲಿಲ್ಲ, ಧನ್ಯವಾದ. ಸೋಡಾ ಬ್ರೆಡ್ಡನ್ನು ಇಲ್ಲಿನ ಹಿಟ್ಟಿನಲ್ಲೇ ಮಾಡಲು ಆಗುತ್ತದಾ? ಹೋಗುವ ಮುಂಚೆ ಮನೆಯವರಿಗೆ ರುಚಿ ತೋರಿಸೋಣ ಅಂತ. ಮತ್ತೆ ಮೀನು ಎಲ್ಲಿ?

ಉತ್ತರ 4: ಬೆಣ್ಣೆ_ಬಟ್ಟಲು

ಆಗುತ್ತದೆ. ಗೋಧಿಹಿಟ್ಟು 250 ಗ್ರಾಂ, ಮೈದಾ 200 ಗ್ರಾಂ, ಅಡುಗೆ ಸೋಡಾ ಮಟ್ಟಸವಾಗಿ ಒಂದು ಟೀ ಚಮಚ, ಉಪ್ಪು ಒಂದು ಟೀ ಚಮಚ. ಅಲ್ಲಿ ಇದನ್ನು ಮಜ್ಜಿಗೆಯಲ್ಲಿ ಕಲಸುತ್ತಾರೆ, ಆದರೆ ನಮ್ಮ ಮಜ್ಜಿಗೆ ಬಹಳ ನೀರಾಯಿತು, ಹುಳಿ ಸಾಲದು. ಕಾಲು ಲೀಟರ್ ಹುಳಿ ಮೊಸರಿಗೆ 150 ಮಿಲಿ ನೀರು ಸೇರಿಸಿ ಕಡೆದುಕೊಳ್ಳಿ. ನಮ್ಮ ಗೋಧಿಹಿಟ್ಟು ನೀರು ಹೆಚ್ಚು ಕುಡಿಯುವುದರಿಂದ ಇನ್ನೆರಡು ಮೂರು ಚಮಚ ಬೇಕಾಗಬಹುದು.

ಓವನ್ 220 ಡಿಗ್ರಿಗೆ ಮೊದಲೇ ಕಾದಿರಲಿ. ಮೊಸರು ತಾಗಿದ ಕ್ಷಣವೇ ಸೋಡಾ ಕೆಲಸ ಶುರು ಮಾಡುತ್ತದೆ, ಕಲಸಿಟ್ಟು ಓವನ್ ಬಿಸಿಯಾಗಲು ಕಾದರೆ ಗಾಳಿಯೆಲ್ಲ ಹೋಗಿ ಇಟ್ಟಿಗೆಯಾಗುತ್ತದೆ. ಚಪಾತಿಗೆ ನಾದುವ ಅಭ್ಯಾಸ ಇಲ್ಲಿ ಬೇಡವೇ ಬೇಡ. ಬೆರಳಿನಿಂದ ಕೂಡಿಸಿ, ದುಂಡಗೆ ಮಾಡಿ, ಮೇಲೆ ಆಳವಾಗಿ ಅಡ್ಡ ಉದ್ದ ಕೊಯ್ಯಿರಿ. ಆ ಕೊಯ್ತವೇ ಮಧ್ಯಕ್ಕೆ ಶಾಖ ಹೋಗುವ ದಾರಿ. ಹದಿನೈದು ನಿಮಿಷ 220ರಲ್ಲಿ, ಆಮೇಲೆ 200ರಲ್ಲಿ ಇನ್ನೂ 25 ನಿಮಿಷ. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಹಳದಿ ಕಲೆ, ಸೋಪಿನ ವಾಸನೆ ಬಂದರೆ ಸೋಡಾ ಹೆಚ್ಚಾಗಿದೆ ಅಥವಾ ಜರಡಿ ಹಿಡಿದಿಲ್ಲ. ಅದೇ ದಿನ ತಿಂದು ಮುಗಿಸಿ, ಮರುದಿನ ಟೋಸ್ಟ್ ಮಾತ್ರ.

ಉತ್ತರ 5: ಲಿಫಿ_ದಂಡೆ

ಮೀನಿಗೆ ಎರಡು ದಾರಿ. ಅರ್ಧ ದಿನ ಬಿಡುವಿದ್ದರೆ ಡಾರ್ಟ್ ರೈಲಿನಲ್ಲಿ ಹೌತ್‌ಗೆ ಹೋಗಿ, ಸುಮಾರು ಅರ್ಧ ಗಂಟೆ. ಬಂದರಿನ ಪಶ್ಚಿಮ ಕಟ್ಟೆಯ ಉದ್ದಕ್ಕೂ ಮೀನಂಗಡಿ, ಹೋಟೆಲು ಎರಡೂ ಇವೆ. ಅಲ್ಲಿ ಚೌಡರ್ ಎಂಬ ಮೀನಿನ ಸೂಪ್ ತಿನ್ನಿ: ಹೊಗೆ ಹಾಕಿದ ಹ್ಯಾಡಕ್, ಸಾಲ್ಮನ್, ಮಸ್ಸೆಲ್, ಕೆನೆ. ಚಮಚ ನಿಲ್ಲುವಷ್ಟು ಗಟ್ಟಿಯಾಗಿದ್ದರೆ ಹಿಟ್ಟು ಜಾಸ್ತಿ, ಮೀನು ಕಡಿಮೆ. ‘ಡಬ್ಲಿನ್ ಬೇ ಪ್ರಾನ್’ ಅಂದರೆ ನಮ್ಮ ಸಿಗಡಿಯಲ್ಲ, ತೆಳ್ಳಗಿನ ಕೊಂಡಿಗಳಿರುವ ಸಣ್ಣ ಲಾಬ್‌ಸ್ಟರ್ ಜಾತಿ. ಬೆಳ್ಳುಳ್ಳಿ ಬೆಣ್ಣೆಯಲ್ಲಿ ಚಿಪ್ಪು ಸಮೇತ ಮಾಡಿದ್ದನ್ನು ಕೇಳಿ. ಸಿಂಪಿ ತಿನ್ನುವವರಿದ್ದರೆ ಸೆಪ್ಟೆಂಬರ್‌ನಿಂದ ಏಪ್ರಿಲ್ ಅಲ್ಲಿಯ ಚಪ್ಪಟೆ ಸಿಂಪಿಯ ಕಾಲ. ವರ್ಷವಿಡೀ ಸಿಗುವುದು ಪೆಸಿಫಿಕ್ ತಳಿ.

ಊರೊಳಗೇ ಬೇಕಾದರೆ ಕ್ರೈಸ್ಟ್ ಚರ್ಚ್ ಪಕ್ಕದ ವರ್ಬರ್ಗ್ ಬೀದಿಯಲ್ಲಿ 1913ರಿಂದ ಇರುವ ಲಿಯೊ ಬರ್ಡಾಕ್ ಎಂಬ ಕರಿದ ಮೀನಿನ ಅಂಗಡಿ. ಕಾಡ್ ಮೀನು ಎಲ್ಲ ಕಡೆ ಸಿಗುತ್ತದೆ, ಅದರ ಬದಲು ರೇ ಕೇಳಿ. ನಮ್ಮ ಕರಾವಳಿಯವರು ತೊರಕೆ ಅನ್ನುವ ಮೀನಿನ ಬಳಗದ್ದು, ಮುಳ್ಳಿಲ್ಲ, ಮೃದುವಾದ ಎಲುಬಿನಿಂದ ಮಾಂಸ ಎಳೆಎಳೆಯಾಗಿ ಬಿಡಿಸಿಕೊಂಡು ಬರುತ್ತದೆ. ಎಣ್ಣೆ ಯಾವುದೆಂಬ ಪ್ರಶ್ನೆ ಇಲ್ಲೂ ಕೇಳಿ.

ನಿಮ್ಮ ದಿನಾಂಕದಲ್ಲಿ ಅಕ್ಟೋಬರ್ ಕೊನೆಯ ಸೋಮವಾರ ಬರುತ್ತದಾ ನೋಡಿ. ಅದು ಸರ್ಕಾರಿ ರಜೆ, ಹಿಂದಿನ ಭಾನುವಾರ ಡಬ್ಲಿನ್ ಮ್ಯಾರಥಾನ್. ಆ ಎರಡು ದಿನ ಐದು ಜನರಿಗೆ ಮೇಜು ಬೇಕಾದರೆ ಮೊದಲೇ ಕಾಯ್ದಿರಿಸಿ, ಇಲ್ಲವಾದರೆ ಪೊಟ್ಟಣ ಕಟ್ಟಿಸಿಕೊಂಡು ಸೇಂಟ್ ಪ್ಯಾಟ್ರಿಕ್ಸ್ ಚರ್ಚಿನ ಪಾರ್ಕಿನಲ್ಲಿ ಕೂತು ತಿನ್ನಿ, ಐದು ನಿಮಿಷದ ನಡಿಗೆ. ಉಪ್ಪು, ವಿನೆಗರ್ ಹಾಕಿಸಿದ ಮೇಲೆ ಪೊಟ್ಟಣದ ಬಾಯಿ ತೆರೆದೇ ಇರಲಿ, ಮುಚ್ಚಿದರೆ ಆವಿಗೆ ಮೇಲಿನ ಹಿಟ್ಟೆಲ್ಲ ಮೆತ್ತಗಾಗುತ್ತದೆ.