ದಿನಕ್ಕೊಂದು ರೀಲ್ ಹಾಕಿದ್ರೂ ಬೆಲ್ಲ ಹೋಗ್ತಿಲ್ಲ. ಕಮ್ಮಿ ಹಾಕಿ, ಚೆನ್ನಾಗಿ ಹಾಕಿದ್ರೆ ನಡೆಯುತ್ತಾ?

ಆಲೆಮನೆ ಸೊಸೆ (ಮಂಡ್ಯ):

ಸ್ವಲ್ಪ ಉದ್ದ ಬರೀತಿದೀನಿ, ತಾಳ್ಮೆಯಿಂದ ಓದಿ.

ನಮ್ದು ಮಂಡ್ಯ ತಾಲ್ಲೂಕು, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರು ಬರೋ ಊರು. ಮಾವನವರದು ಒಂದು ಆಲೆಮನೆ ಇದೆ, ಒಂದೇ ಕೊಪ್ಪರಿಗೆ. ಬೆಲ್ಲದ ಬಣ್ಣ ತಿಳಿ ಮಾಡೋ ಹೈಡ್ರೋಸ್ ಅನ್ನೋ ಕೆಮಿಕಲ್ ಏಳು ವರ್ಷದಿಂದ ಮುಟ್ಟಿಲ್ಲ. ಕಬ್ಬಿನ ಹಾಲಿನ ಕೊಳೆ ತೆಗೆಯೋಕೆ ಬೆಂಡೆ ಗಿಡದ ಕಡ್ಡಿ ಜಜ್ಜಿ ನೆನೆಹಾಕಿದ ಲೋಳೆ, ಜೊತೆಗೆ ಒಂದಿಷ್ಟು ಸುಣ್ಣದ ತಿಳಿ, ಅಷ್ಟೇ. ಹಿಂಗೆ ಮಾಡಿದ ಬೆಲ್ಲ ಕಂದು ಬಣ್ಣಕ್ಕೆ ಬರುತ್ತೆ. ಮಂಡಿಗೆ ತಗೊಂಡೋದ್ರೆ ಬಣ್ಣ ನೋಡೇ ರೇಟು ಇಳಿಸ್ತಾರೆ. ಒಂದು ಟನ್ ಕಬ್ಬು ಅರೆದ್ರೆ ನೂರು ಕೆಜಿ ಬೆಲ್ಲ ಬರೋದೇ ಹೆಚ್ಚು, ಅದರಲ್ಲೂ ರೇಟು ಹೋದ್ರೆ ಆಳಿನ ಕೂಲಿಗೂ ಸಾಲಲ್ಲ. ಅದಕ್ಕೆ ನೇರವಾಗಿ ಮನೆಗಳಿಗೇ ಮಾರೋಣ ಅಂತ ನಾನು ಇನ್‌ಸ್ಟಾಗ್ರಾಂನಲ್ಲಿ ಪೇಜ್ ಶುರು ಮಾಡಿದೆ.

ಮೊದಮೊದಲು ನಾನೇ ಹಾಕ್ತಿದ್ದೆ, ತಿಂಗಳಿಗೆ ಎರಡೋ ಮೂರೋ. ಮಗು ಮಲಗಿದ ಮೇಲೆ ಕೂತು ಬರೆದಿದ್ದು. ಆಮೇಲೆ ಯಾರೋ ಹೇಳಿದ್ರು ಅಂತ ಒಂದು ಏಜೆನ್ಸಿಗೆ ಕೊಟ್ಟೆ. ತಿಂಗಳಿಗೆ 12 ಸಾವಿರ, ದಿನಕ್ಕೊಂದು ರೀಲ್. "ಮೇಡಂ, ಒಂದಿನ ತಪ್ಪಿಸಿದ್ರೂ ಅಲ್ಗಾರಿದಂ ನಿಮ್ಮನ್ನ ಮರೆತುಬಿಡುತ್ತೆ" ಅಂದ್ರು. ನಂಬಿದೆ.

ಮೂರು ತಿಂಗಳು, 90 ರೀಲ್ಸ್. ಶುಭೋದಯ, ಶುಭ ಶುಕ್ರವಾರ, ಯಾವುದೋ ಹಿಂದಿ ಹಾಡಿಗೆ ಕುಣಿಯೋ ಬೆಲ್ಲದ ಅಚ್ಚು. ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಪೇಟದ ಪಕ್ಕ ನಮ್ಮ ಡಬ್ಬ! ನಮ್ಮ ಜಿಲ್ಲೆಯಲ್ಲಿ ಅವರ ಫೋಟೊ ದೇವರ ಮನೆಯಲ್ಲಿಟ್ಟವರಿದ್ದಾರೆ, ಬೈಸ್ಕೊಂಡಿದ್ದು ಯಾರು? ನಾನು. ಅದಕ್ಕಿಂತ ಕೆಟ್ಟದ್ದು ಅಂದ್ರೆ, ಏಜೆನ್ಸಿಯವರು ಹಾಕಿದ ಬೆಲ್ಲದ ಫೋಟೊಗಳು ನಮ್ಮದಲ್ಲ. ಎಲ್ಲಿಂದಲೋ ತಗೊಂಡ ಅರಿಶಿನದಂಥ ಹಳದಿ ಬೆಲ್ಲ. ಬೆಂಗಳೂರಿನ ಒಬ್ಬರು ಆರ್ಡರ್ ಮಾಡಿ, ಪಾರ್ಸಲ್ ಬಿಚ್ಚಿ ಫೋನ್ ಮಾಡಿದ್ರು: "ಫೋಟೊದಲ್ಲಿ ಚಿನ್ನ, ಡಬ್ಬದಲ್ಲಿ ಇದ್ದಿಲು. ಮೋಸ ಅಲ್ವೇನ್ರೀ?" ಹೈಡ್ರೋಸ್ ಹಾಕೋ ಮೋಸ ಬೇಡ ಅಂತ ಬಿಟ್ಟವರಿಗೆ ಈ ಮಾತು.

ಫಾಲೋವರ್ಸ್ 400 ಇದ್ದವರು 3,100 ಆದ್ರು. ಆರ್ಡರ್ ಮಾತ್ರ ಮೂರು ತಿಂಗಳಿಗೆ 14. ನಾನೊಬ್ಬಳೇ ಹಾಕ್ತಿದ್ದಾಗ ತಿಂಗಳಿಗೇ ಅದಕ್ಕಿಂತ ಜಾಸ್ತಿ ಬರ್ತಿತ್ತು. ಮಾವನವರು ಮೊನ್ನೆ ಕೇಳಿದ್ರು, "ದಿನಾ ತಮಟೆ ಹೊಡಿಸ್ತಿದ್ದೀಯಲ್ಲ ಕನವ್ವ, ಹಬ್ಬ ಯಾವತ್ತು?"

ಏಜೆನ್ಸಿ ಬಿಡಿಸಿ ಮತ್ತೆ ತಿಂಗಳಿಗೆ ಎರಡಕ್ಕೇ ಬಂದ್ರೆ ಪೇಜ್ ಸತ್ತೋಗುತ್ತಾ? ಇನ್ನೊಂದು, ಇದು ಕೇಳೋಕೆ ಮುಜುಗರ. ಏಳು ವರ್ಷದ ಹಿಂದೆ ನಾವೂ ಹೈಡ್ರೋಸ್ ಹಾಕ್ತಿದ್ವಿ. ಅದನ್ನ ಹೇಳ್ಕೋಬೇಕಾ, ಮುಚ್ಚಿಡ್ಬೇಕಾ?

ಕೀಲಾರದ ಹುಡುಗ:

ಅಕ್ಕ, ನಾನು ಮೈಸೂರಲ್ಲಿ ಇದೇ ಕೆಲಸ ಮಾಡೋನು, ಹಾಗಾಗಿ ನನ್ನ ಮಾತನ್ನ ಸ್ವಲ್ಪ ತೂಗಿ ನೋಡ್ಕೊಂಡು ಓದಿ. "ಮರೆತುಬಿಡುತ್ತೆ" ಅನ್ನೋದು ಹೆದರಿಸೋ ಮಾತು. ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸ್ಸೆರಿ 2025ರ ಜನವರಿಯಲ್ಲಿ ಬಾಯ್ಬಿಟ್ಟೇ ಹೇಳಿದಾರೆ, ಯಾರಿಗೆ ಯಾವ ವಿಡಿಯೊ ತೋರಿಸ್ಬೇಕು ಅಂತ ಅಲ್ಗಾರಿದಂ ಮುಖ್ಯವಾಗಿ ನೋಡೋದು ಮೂರು: ಜನ ಎಷ್ಟು ಹೊತ್ತು ನೋಡಿದ್ರು, ಎಷ್ಟು ಜನ ಲೈಕ್ ಒತ್ತಿದ್ರು, ಎಷ್ಟು ಜನ ಇನ್ನೊಬ್ಬರಿಗೆ ಕಳಿಸಿದ್ರು. ನಿಮ್ಮನ್ನ ಫಾಲೋ ಮಾಡದವರ ಹತ್ರ ಹೋಗ್ಬೇಕಾದ್ರೆ ಆ ಕಳಿಸೋದೇ ದೊಡ್ಡದು. ಶುಭ ಶುಕ್ರವಾರನ ಯಾರು ಯಾರಿಗೆ ಕಳಿಸ್ತಾರೆ? ಅದಕ್ಕೆ ನಮ್ಮ ಅಮ್ಮನ ವಾಟ್ಸಾಪ್ ಇದೆ.

ಆದ್ರೆ ಜಾಸ್ತಿ ಹಾಕೋದನ್ನ ಪೂರ್ತಿ ಬೈಯೋಕೂ ನಾನು ತಯಾರಿಲ್ಲ. ನನ್ನ ಮೊದಲ ಮೂವತ್ತು ವಿಡಿಯೊ ಕಸ. ಆ ಮೂವತ್ತು ಮಾಡದೆ ಮೂವತ್ತೊಂದನೇದು ಬರ್ತಿರಲಿಲ್ಲ. ಕೈ ಕುದುರಬೇಕು. ನಿಮ್ಮ ತೊಂದರೆ 90 ಹಾಕಿದ್ದಲ್ಲ. ಆ 90ರಲ್ಲಿ ನಿಮ್ಮ ಕೈ ಒಂದರಲ್ಲೂ ಇರಲಿಲ್ಲ.

ಅಶೋಕ ರಸ್ತೆ ಮಿಷನ್ ರಿಪೇರಿ:

ತಂಗಿ, ನಂದು ಮೈಸೂರಲ್ಲಿ ಹೊಲಿಗೆ ಮಿಷನ್ ರಿಪೇರಿ ಅಂಗಡಿ, ಎಂಟಡಿ ಅಗಲ. ಯೂಟ್ಯೂಬ್‌ನಲ್ಲಿ ಐದು ವರ್ಷದಲ್ಲಿ 41 ವಿಡಿಯೊ ಹಾಕಿದೀನಿ. ನಲವತ್ತೊಂದೇ. ಲೆಕ್ಕ ಹಾಕಿದ್ರೆ ತಿಂಗಳಿಗೆ ಒಂದೂ ಬೀಳಲ್ಲ.

ಅದರಲ್ಲಿ ಒಂದಿದೆ, "ಬಟ್ಟೆ ಕೆಳಗೆ ದಾರ ಗಂಟು ಕಟ್ಟೋದು ಯಾಕೆ" ಅಂತ. ಕೆಳಗೆ ಗಂಟು ಬಿದ್ರೆ ಎಲ್ಲರೂ ಕೆಳಗಿನ ಬಾಬಿನ್ ಕೇಸ್ ಬಿಚ್ಚಿ ತಿರುಪು ತಿರುಗಿಸಿ ಹಾಳು ಮಾಡ್ಕೋತಾರೆ. ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಟೆನ್ಷನ್ ಡಿಸ್ಕ್ ಮಧ್ಯೆ ದಾರ ಸರಿಯಾಗಿ ಕೂತಿರಲ್ಲ. ಪ್ರೆಷರ್ ಫೂಟ್ ಎತ್ತಿ ದಾರ ಪೋಣಿಸಿ ಅಂತ ಆರು ನಿಮಿಷ ತೋರಿಸಿದೀನಿ. ಹಿಂದೆ ಬಸ್ ಹಾರನ್, ಮಧ್ಯೆ ಒಬ್ಬರು ಬಂದು "ಸೂಜಿ ಐತಾ" ಅಂತ ಕೇಳ್ತಾರೆ, ಅದನ್ನೂ ಕತ್ತರಿಸಿಲ್ಲ. ನಾಲ್ಕು ವರ್ಷ ಆಯ್ತು, ಇವತ್ತಿಗೂ ಅದನ್ನ ನೋಡಿ ಚಾಮರಾಜನಗರದಿಂದ ಮಿಷನ್ ಹೊತ್ಕೊಂಡು ಬರ್ತಾರೆ. ತಮಾಷೆ ಏನಂದ್ರೆ, ಅದನ್ನ ನೋಡಿದ ಮೇಲೆ ರಿಪೇರಿಗೆ ಬರೋ ಅಗತ್ಯಾನೇ ಇಲ್ಲ. ಆದ್ರೂ ಬರ್ತಾರೆ, ಬೇರೆ ಏನೋ ಕೆಟ್ಟಾಗ.

ಅದು ನನಗೆ ಹೊಳೆದ ವಿಷಯ ಅಲ್ಲ. ಅಂಗಡಿ ಫೋನ್ ಪಕ್ಕ ಒಂದು ನೋಟ್ ಬುಕ್ ಇದೆ. ಜನ ಏನು ಕೇಳ್ತಾರೋ ಅವರ ಮಾತಲ್ಲೇ ಬರ್ಕೊಳ್ತೀನಿ. ಒಂದೇ ಪ್ರಶ್ನೆ ಹತ್ತು ಸಲ ಬಂತು ಅಂದ್ರೆ ಆವತ್ತು ವಿಡಿಯೊ. ಹತ್ತು ಆಗೋವರೆಗೂ ಇಲ್ಲ. ತಲೆಬರಹಾನೂ ಅವರ ಮಾತೇ, ಯಾಕಂದ್ರೆ ಅವರು ಹುಡುಕೋದೂ ಅದೇ ಮಾತಲ್ಲಿ. ನಿಮಗೆ ಬಂದ "ಚಿನ್ನ, ಇದ್ದಿಲು" ಫೋನ್ ಇದೆಯಲ್ಲ, ಅದು ಬೈಗುಳ ಅಲ್ಲ ತಂಗಿ, ನಿಮ್ಮ ಮೊದಲನೇ ವಿಡಿಯೊದ ತಲೆಬರಹ.

ಹೈಡ್ರೋಸ್ ವಿಚಾರ: ಹೇಳಿ. ನೀವು ಹೇಳದೆ ಇದ್ರೆ ಏನಾಗುತ್ತೆ ಗೊತ್ತಾ? "ನಾವು ಶುದ್ಧ" ಅನ್ನೋ ಸಾವಿರ ಜನರಲ್ಲಿ ನೀವೂ ಒಬ್ರು. ಹಾಕ್ತಿದ್ವಿ, ಇಂಥ ಕಾರಣಕ್ಕೆ ಹಾಕ್ತಿದ್ವಿ, ಇಂಥ ಕಾರಣಕ್ಕೆ ಬಿಟ್ವಿ ಅಂತ ಹೇಳೋಕೆ ಹಾಕಿ ಬಿಟ್ಟವರಿಗೆ ಮಾತ್ರ ಸಾಧ್ಯ. ಸುಣ್ಣದ ತಿಳಿ ಹಾಕೋದನ್ನೂ ಹೇಳಿ. ಡಬ್ಬದ ಮೇಲೆ "ಕೆಮಿಕಲ್ ಫ್ರೀ" ಅಂತ ಬರೆದಿದ್ರೆ ಅದನ್ನ ತೆಗೆದು "ಹೈಡ್ರೋಸ್ ಹಾಕಿಲ್ಲ" ಅಂತ ಬರೀರಿ. ಸುಣ್ಣ ಕೆಮಿಕಲ್ ಅಲ್ವಾ ಅಂತ ಒಬ್ಬ ಮೇಷ್ಟ್ರು ಕೇಳೇ ಕೇಳ್ತಾರೆ.

ನಮ್ಮೂರ ಮೈಸೂರು ಪೇಂಟ್ಸ್ ನೋಡಿ ಅಂತ ಬರೆಯೋಕೆ ಹೊರಟಿದ್ದೆ. 1962ರ ಚುನಾವಣೆಯಿಂದ ದೇಶದ ಬೆರಳಿಗೆಲ್ಲ ಶಾಯಿ ಹಚ್ತಿದಾರೆ, ಒಂದು ರೀಲೂ ಬೇಕಾಗಿಲ್ಲ. ಆದ್ರೆ ಅವರಿಗೆ ಸರ್ಕಾರದ ಆರ್ಡರ್ ಇದೆ, ನಿಮಗೂ ನನಗೂ ಇಲ್ಲ. ಆ ಉದಾಹರಣೆ ಬಿಡಿ.

ಸರಸ್ವತಿಪುರಂ ಅಜ್ಜಿ:

ನಾನು ಮಾರೋಳಲ್ಲಮ್ಮ, ಕೊಳ್ಳೋಳು. ನಿನ್ನ ಪೇಜ್ ನೋಡಿದೆ. ಮೂವತ್ತು ರೀಲ್ ನೋಡಿದ್ರೂ ನನಗೆ ಬೇಕಾದ ಒಂದು ವಿಷಯ ಸಿಗಲಿಲ್ಲ. ಪಾಯಸಕ್ಕೆ ಬೆಲ್ಲ ಹಾಕಿದ್ರೆ ಹಾಲು ಒಡೆಯುತ್ತಲ್ಲ, ನಿನ್ನ ಬೆಲ್ಲಕ್ಕೂ ಒಡೆಯುತ್ತಾ? ಒಲೆ ಆರಿಸಿ, ಸ್ವಲ್ಪ ಆರಿದ ಮೇಲೆ ಹಾಕ್ಬೇಕು ಅಂತ ನನಗೆ ಗೊತ್ತು, ನನ್ನ ಸೊಸೆಗೆ ಗೊತ್ತಿಲ್ಲ. ಮಳೆಗಾಲದಲ್ಲಿ ಬೆಲ್ಲ ನೀರು ಬಿಟ್ಕೊಂಡ್ರೆ ಕೆಟ್ಟಿದೆ ಅಂತಾನಾ? ಬೇಳೆ ಒಬ್ಬಟ್ಟಿಗೆ ಬೇರೆ ಬೆಲ್ಲ ಬೇಕಾ?

ಸಂಕ್ರಾಂತಿ ಹತ್ರ ಬಂತು. ಎಳ್ಳು ಬೆಲ್ಲಕ್ಕೆ ನಾವು ಅಚ್ಚು ಬೆಲ್ಲನ ಅಡಕೆ ಕತ್ತರಿಯಲ್ಲಿ ಸಣ್ಣ ಸಣ್ಣ ಚೌಕ ಮಾಡಿ, ಕೊಬ್ಬರಿ ಜೊತೆ ಬಿಸಿಲಿಗೆ ಇಡ್ತೀವಿ. ಗಟ್ಟಿ ಇರ್ಬೇಕು, ಇಲ್ದಿದ್ರೆ ಪುಡಿ ಪುಡಿ. ನಿನ್ನದು ಕತ್ತರಿಸೋಕೆ ಬರುತ್ತಾ? ಇದಕ್ಕೆ ಉತ್ತರ ಕೊಡು, ದಿನಾ ಶುಭೋದಯ ಹೇಳ್ಬೇಡ. ಅದನ್ನ ಹೇಳೋಕೆ ನಮ್ಮೆಜಮಾನರಿದ್ದಾರೆ.

ಆಲೆಮನೆ ಸೊಸೆ (ಮಂಡ್ಯ), ಮೂರು ವಾರದ ಮೇಲೆ:

ಏಜೆನ್ಸಿ ಬಿಡಿಸಿದೆ. ಮುಂಗಡ ಕೊಟ್ಟಿದ್ದ ಒಂದು ತಿಂಗಳ ದುಡ್ಡು ಹೋಯ್ತು. ಹಳದಿ ಬೆಲ್ಲದ ಫೋಟೊ ಎಲ್ಲ ಅಳಿಸಿದೆ, 90ರಲ್ಲಿ ಉಳಿದಿದ್ದು 11.

ಈ ಮೂರು ವಾರದಲ್ಲಿ ಹಾಕಿದ್ದು ಒಂದೇ ವಿಡಿಯೊ. ಹೆಸರು "ಫೋಟೊದಲ್ಲಿ ಚಿನ್ನ, ಡಬ್ಬದಲ್ಲಿ ಇದ್ದಿಲು, ಯಾಕೆ?" ಮಾವನವರನ್ನ ಕ್ಯಾಮೆರಾ ಮುಂದೆ ಕೂರಿಸೋಕೇ ನಾಲ್ಕು ದಿನ ಬೇಕಾಯ್ತು. ಮೊದಲನೇ ದಿನ ಬಿಳಿ ಪಂಚೆ ಉಟ್ಕೊಂಡು ಬಂದು ಸಭೆಯಲ್ಲಿ ಭಾಷಣ ಮಾಡೋ ಹಾಗೆ ಶುರು ಮಾಡಿದ್ರು. ಎರಡನೇ ದಿನ ಗಾಣದ ಸದ್ದಿಗೆ ಒಂದು ಮಾತೂ ಕೇಳಿಸಲಿಲ್ಲ. ಕಡೆಗೆ ನಾನು ಏನೂ ಹೇಳದೆ, ಅವರು ಪಾಕ ನೋಡ್ತಿದ್ದಾಗ ಪಕ್ಕದಲ್ಲಿ ನಿಂತು ಹಿಡ್ಕೊಂಡೆ. ಒಂದು ಚಮಚ ಪಾಕನ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡ್ತಾರೆ, ಅದು ಗಟ್ಟಿ ಕೂತ್ರೆ ಕೊಪ್ಪರಿಗೆ ಇಳಿಸೋ ಹೊತ್ತು. ಆ ಉಂಡೆನ ಕೈಯಲ್ಲಿ ಉರುಳಿಸ್ತಾನೇ ಹೇಳಿದ್ರು, "ಹೈಡ್ರೋಸ್ ನಾವೂ ಹಾಕಿದೋರೇ. ಬಣ್ಣ ಬರುತ್ತೆ, ರೇಟು ಬರುತ್ತೆ. ಆದ್ರೆ ಆ ಬಣ್ಣ ನಿಲ್ಲಕ್ಕಿಲ್ಲ, ಇಟ್ಟಂಗೆಲ್ಲ ಕಪ್ಪಾಯ್ತದೆ. ಕೊನೆಗೂ ಕಪ್ಪಾಗೋ ಬೆಲ್ಲಕ್ಕೆ ಔಷ್ದಿ ಯಾಕೆ ಅಂತ ಬುಟ್ಬುಟ್ಟೆ." ಆಮೇಲೆ ಅವರಾಗೇ ಕಬ್ಬಿನ ವಿಷಯಕ್ಕೆ ಹೋದ್ರು. ಯೂರಿಯಾ ಜಾಸ್ತಿ ಆದ್ರೆ ಬೆಲ್ಲ ಕಪ್ಪು, ಚೌಳು ಮಣ್ಣಿನ ಕಬ್ಬಾದ್ರೆ ಕಪ್ಪೂ ಹೌದು ಉಪ್ಪೂ ಹೌದು, ಕಬ್ಬಿನ ತಳಿಯಲ್ಲೂ 62175 ಬೇರೆ, 86032 ಬೇರೆ. ಏಜೆನ್ಸಿಯವರಾಗಿದ್ರೆ ಇದನ್ನ ಕತ್ತರಿಸ್ತಿದ್ರು. ನಾನು ಇಟ್ಟೆ. ಒಟ್ಟು 2 ನಿಮಿಷ 40 ಸೆಕೆಂಡು.

ನೋಡಿದವರು 1,900, ನಮ್ಮ ಕುಣಿಯೋ ಬೆಲ್ಲಕ್ಕೆ ಇದಕ್ಕಿಂತ ಜಾಸ್ತಿ ಬಿದ್ದಿತ್ತು. ಆದ್ರೆ ಇನ್ನೊಬ್ಬರಿಗೆ ಕಳಿಸಿದವರು 160. ಆರ್ಡರ್ 23. ಅದರಲ್ಲಿ ಒಂದು ಆ "ಇದ್ದಿಲು" ಅಂದಿದ್ದ ಬೆಂಗಳೂರಿನವರದೇ, ಏನೂ ಮಾತಾಡಲಿಲ್ಲ, ಸುಮ್ಮನೆ ದುಡ್ಡು ಹಾಕಿದ್ರು.

ಎಲ್ಲ ಸಲೀಸಾಗಿ ಆಗಲಿಲ್ಲ. ಪಕ್ಕದೂರಿನ ಆಲೆಮನೆಯವರೊಬ್ರು ಮಾವನವರಿಗೆ ಫೋನ್ ಮಾಡಿ, "ನೀನು ಬಿಟ್ರೆ ಬಿಡು, ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀಯ" ಅಂದ್ರು. ನಾವು ಯಾರ ಹೆಸರೂ ಹೇಳಿರಲಿಲ್ಲ. ಆದ್ರೂ ಮಾವನವರಿಗೆ ಎರಡು ದಿನ ಊಟ ಸೇರಲಿಲ್ಲ. ಆ ಬೇಜಾರು ನನಗಿನ್ನೂ ಇದೆ, ಮುಂದಿನ ವಿಡಿಯೊದಲ್ಲಿ ಮಂಡಿ ರೇಟಿನ ಮಾತು ಎತ್ತೋದಾ ಬೇಡ್ವಾ ಗೊತ್ತಾಗ್ತಿಲ್ಲ.

ನೋಟ್ ಬುಕ್ ಇಟ್ಟಿದೀನಿ ಅಣ್ಣ. ಹಾಲು ಒಡೆಯೋ ಪ್ರಶ್ನೆ ಏಳು ಸಲ ಬಂದಿದೆ, ಅಜ್ಜಿದೂ ಸೇರಿ. ಇನ್ನು ಮೂರು ಬೇಕು.

ಅಜ್ಜಿ, ನಿಜ ಹೇಳ್ತೀನಿ, ಕತ್ತರಿಸೋಕೆ ನಮ್ಮದು ಅಷ್ಟು ಚೆನ್ನಾಗಿ ಬರಲ್ಲ ಅನ್ಸುತ್ತೆ. ಒಣ ಚಳಿಯಲ್ಲಿ ಇಳಿಸಿದ ಪಾಕದ್ದು ಸ್ವಲ್ಪ ಗಟ್ಟಿ ಇರುತ್ತೆ. ಒಂದು ಅಚ್ಚು ಸುಮ್ಮನೆ ಕಳಿಸ್ತೀನಿ, ನೀವೇ ನೋಡಿ ಹೇಳಿ.

ಅಶೋಕ ರಸ್ತೆ ಮಿಷನ್ ರಿಪೇರಿ:

ಹತ್ತು ಅನ್ನೋದು ನನ್ನ ಸೋಮಾರಿತನದ ಲೆಕ್ಕ, ಏಳಕ್ಕೇ ಮಾಡಿ. ಬೆಲ್ಲ ತಗೊಂಡವರನ್ನ ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ ಹಾಕ್ಕೊಳ್ಳಿ, ಒಂದು ಪಟ್ಟಿಗೆ 256 ಜನ. ನಿಮ್ಮ ನಂಬರ್ ಸೇವ್ ಮಾಡ್ಕೊಂಡವರಿಗೆ ಮಾತ್ರ ಅದು ತಲುಪುತ್ತೆ. ಹಾಗೆ ಸೇವ್ ಮಾಡ್ಕೊಂಡವರು ಎಷ್ಟು ಅನ್ನೋದನ್ನ ನಾನಾಗಿದ್ರೆ ಫಾಲೋವರ್ಸ್‌ಗಿಂತ ಮೊದಲು ಎಣಿಸ್ತೀನಿ. ಕೊಪ್ಪರಿಗೆ ಇಳಿಸಿದ ದಿನ ಮಾತ್ರ ಅವರಿಗೆ ಮೆಸೇಜ್ ಹಾಕಿ.

ಕೀಲಾರದ ಹುಡುಗ:

ವಿಡಿಯೊ ನೋಡಿದೆ ಅಕ್ಕ. ಮಾವನವರು ಸೂಪರ್. ಕೊಪ್ಪರಿಗೆ ಹತ್ರ ಹೋಗೋವಾಗ ಲೆನ್ಸ್ ಒರೆಸ್ಕೊಳ್ಳಿ, ಅರ್ಧ ವಿಡಿಯೊ ಹಬೆ.

ಸರಸ್ವತಿಪುರಂ ಅಜ್ಜಿ:

ಬೆಲ್ಲ ಬಂತು. ಕತ್ತರಿಸೋಕೆ ಹೋದೆ, ಅರ್ಧಕ್ಕರ್ಧ ಪುಡಿ. ಎಳ್ಳಿಗೆ ಬೇರೆ ತರಿಸ್ಕೊಳ್ತೀನಿ. ಪುಡಿಯಾಗಿದ್ದನ್ನ ಧನುರ್ಮಾಸದ ಹುಗ್ಗಿಗೆ ಹಾಕಿದೆ, ಮನೆಯೆಲ್ಲ ಕಬ್ಬಿನ ವಾಸನೆ. ಐದು ಕೆಜಿ ಕಳಿಸು, ದುಡ್ಡು ಎಷ್ಟು ಅಂತ ಹೇಳು.