ತಾತನ ಕಾಲದ ವೆಬ್ಲಿ ರಿವಾಲ್ವರ್‌ಗೆ ಎಷ್ಟು ಬೆಲೆ ಬರಬಹುದು?

ಪ್ರಶ್ನೆ (ಮೂಡಿಗೆರೆ ಕಡೆಯ ಕಾಫಿ ಬೆಳೆಗಾರ):
ನಮಸ್ಕಾರ ಸರ್. ಅಪ್ಪ ತೀರಿಕೊಂಡು ಎಂಟು ತಿಂಗಳಾಯ್ತು. ಮೊನ್ನೆ ಬೀರು ತೆಗೆದಾಗ ತಾತನ ರಿವಾಲ್ವರ್ ಸಿಕ್ತು. ಪಕ್ಕದ ಎಸ್ಟೇಟಿನ ದೊರೆ ತೋಟ ಮಾರಿ ಇಂಗ್ಲೆಂಡಿಗೆ ಹೊರಟಾಗ ತಾತ ಅವರಿಂದ ಕೊಂಡಿದ್ದಂತೆ. ಮೈಮೇಲೆ ವೆಬ್ಲಿ ಅಂಡ್ ಸ್ಕಾಟ್, ಮಾರ್ಕ್ 4 ಅಂತಿದೆ. ಅಪ್ಪನ ಹೆಸರಿನ ಲೈಸೆನ್ಸ್ ಬುಕ್ ಇದೆ. ನನ್ನ ಹೆಸರಲ್ಲಿ ಬೇರೆ ಒಂದು ಜೋಡಿ ನಳಿಗೆ ಕೋವಿ ಇದೆ. ಪರಿಚಯದವರೊಬ್ಬರು "ಕಾಗದ ಗೀಗದ ಏನೂ ಬೇಡ, 40 ಸಾವಿರ ಕೈಗೆ ಕೊಡ್ತೀನಿ" ಅಂತಿದ್ದಾರೆ. ನಿಜವಾದ ಬೆಲೆ ಎಷ್ಟು?

ಉತ್ತರ (ಮೂವತ್ತು ವರ್ಷ ಗನ್ ಶಾಪ್ ನಡೆಸಿದವನು):
ಮೊದಲು ಆ 40 ಸಾವಿರದವರಿಗೆ ಕೈಮುಗಿದು ಕಳಿಸಿ. ನಾಳೆ ಆ ರಿವಾಲ್ವರ್ ಎಲ್ಲಾದರೂ ಸಿಕ್ಕಿಬಿದ್ದರೆ ಬುಕ್ಕಿನಲ್ಲಿರುವ ನಂಬರ್ ಹಿಡಿದು ಪೊಲೀಸರು ಬರೋದು ನಿಮ್ಮ ಮನೆಗೇ.

ಎರಡನೆಯದು, ಅಪ್ಪನ ಲೈಸೆನ್ಸ್ ಅವರ ಜೊತೆಗೇ ಮುಗೀತು. ಎಂಟು ತಿಂಗಳಿಂದ ಅದು ಬೀರುವಿನಲ್ಲಿರೋದೇ ತಪ್ಪು. ಠಾಣೆಗೆ ಫೋನ್ ಮಾಡಿ ತಿಳಿಸಿ, ಅಲ್ಲೋ ಲೈಸೆನ್ಸ್ ಇರುವ ಗನ್ ಶಾಪಿನಲ್ಲೋ ಡಿಪಾಸಿಟ್ ಮಾಡಿ ರಸೀದಿ ತಗೊಳ್ಳಿ. ಮಾರೋದಾದರೂ ಇದೇ ದಾರಿ. ಡಿಪಾಸಿಟ್‌ನಲ್ಲಿದ್ದಾಗಲೇ ವಾರಸುದಾರರು ಅದನ್ನು ಅರ್ಹ ಲೈಸೆನ್ಸ್‌ದಾರರಿಗೆ ಮಾರಬಹುದು ಅಂತ 1959ರ ಆಯುಧ ಕಾಯ್ದೆಯಲ್ಲೇ ಇದೆ. ಆದರೆ ಸುಮ್ಮನೆ ಬಿಟ್ಟರೆ ಅವಧಿ ಮೀರಿ ಸರ್ಕಾರದ ಪಾಲಾಗುತ್ತೆ.

ಇನ್ನು ಬೆಲೆ. ಬುಕ್ಕಿನಲ್ಲಿ ಬೋರ್, ಅಂದರೆ ನಳಿಗೆಯ ಒಳ ಅಳತೆ, ಎಷ್ಟು ಅಂತ ಬರೆದಿದೆ? ಅದು ಗೊತ್ತಾಗದೆ ನಾನು ಬಾಯಿ ಬಿಡಲ್ಲ.

ಪ್ರಶ್ನಿಸಿದವರು:
.32 ಅಂತಿದೆ ಸರ್. ಅಷ್ಟೊಂದು ವ್ಯತ್ಯಾಸ ಆಗುತ್ತಾ?

ಉತ್ತರ:
ಬದುಕಿದಿರಿ. ಮಾರ್ಕ್ 4ರಲ್ಲಿ ಹೆಚ್ಚಾಗಿ ಬಂದದ್ದು .38. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಬಳಸಿದ್ದೂ ಅದನ್ನೇ. ಅವಸರದಲ್ಲಿ ಒರಟಾಗಿ ತಯಾರಾದವುಗಳ ಮೇಲೆ 'ವಾರ್ ಫಿನಿಶ್' ಅಂತ ಕಂಪನಿಯೇ ಮುದ್ರೆ ಒತ್ತಿತ್ತು, ನಮ್ಮ ಕೆಲಸ ಹೀಗೇ ಅಂದುಕೊಂಡೀರಿ ಜೋಕೆ ಅನ್ನೋ ಹಾಗೆ! ಆದರೆ ಸೈನ್ಯದ .380 (ಆ .38ಗೆ ಹಾಕ್ತಿದ್ದದ್ದು ಇದನ್ನೇ) ಅಥವಾ .455 ತೋಟಾ ಹಿಡಿಯುವ ರಿವಾಲ್ವರ್ ನಮ್ಮಲ್ಲಿ ನಿಷೇಧಿತ ಬೋರ್. ಅದಕ್ಕೆ ಲೈಸೆನ್ಸ್ ಕೊಡಬೇಕಾದ್ದು ಕೇಂದ್ರ ಗೃಹ ಸಚಿವಾಲಯ. ಮೊದಲ ಮಹಾಯುದ್ಧದ .455 ಮಾರ್ಕ್ 6 ಹಿಡಿದುಕೊಂಡು, ಹೊರದೇಶದ ಹರಾಜಿನ ರೇಟು ನೋಡಿ ಕನಸು ಕಾಣುತ್ತಾ ನನ್ನ ಅಂಗಡಿಗೆ ಬಂದವರು ಎಷ್ಟೋ ಮಂದಿ. ವಸ್ತು ಚಂದ, ಕೊಳ್ಳೋರಿಲ್ಲ.

.32ಗೆ ಡಿಸಿ ಕೊಟ್ಟ ಲೈಸೆನ್ಸ್ ಸಾಕು. 1980ರ ದಶಕದಲ್ಲಿ ಜನಸಾಮಾನ್ಯರಿಗೆ ಆಮದು ನಿಂತುಹೋದ ಮೇಲೆ ಹಳೇ ವಿದೇಶಿ .32ಗಳು ಕೈಯಿಂದ ಕೈಗೆ ಹೋಗ್ತಿವೆ ಅಷ್ಟೆ. ಹಾಗಾಗಿ ಕಾನ್ಪುರದ ಸರ್ಕಾರಿ ಕಾರ್ಖಾನೆಯ ಹೊಸ .32ಗೆ ಇವತ್ತಿನ ರೇಟು ಕೇಳಿಕೊಳ್ಳಿ. ಅದರ ರೂಪವೂ ವೆಬ್ಲಿಯಿಂದಲೇ ಬಂದದ್ದು. ನಿಮ್ಮದು ಗಟ್ಟಿಮುಟ್ಟಾಗಿದ್ದರೆ ಅದಕ್ಕಿಂತ ಹಲವು ಪಟ್ಟು ಕೇಳಬಹುದು. ಫ್ರೇಮ್, ನಳಿಗೆ, ಗುಂಡು ತುಂಬುವ ಸಿಲಿಂಡರ್ ನಂಬರ್ ತಾಳೆಯಾಗುತ್ತಾ? ಬಣ್ಣ ಮೂಲದ ಕಪ್ಪೇನಾ?

ಪ್ರಶ್ನಿಸಿದವರು:
ನಂಬರ್ ಎಲ್ಲಾ ಒಂದೇ. ಬಣ್ಣ ಬೆಳ್ಳಿ ಥರ ಫಳಫಳ ಅಂತಿದೆ. ಅಪ್ಪ ನಿಕ್ಕಲ್ ಹಾಕಿಸಿದ್ರಂತೆ.

ಉತ್ತರ:
ಅಯ್ಯೋ! ಬೆಲೆ ಇಳಿಯೋದು ಅಲ್ಲೇ. ಪಾಲಿಶ್ ಹೊಡೆಯುವಾಗ ಬರ್ಮಿಂಗ್‌ಹ್ಯಾಮ್ ಪ್ರೂಫ್ ಮುದ್ರೆಗಳು (ಪರೀಕ್ಷೆ ಪಾಸಾದ ಗುರುತು) ಸವೆದಿರುತ್ತವೆ, ತುಕ್ಕಿನ ಗುಳಿ ಇದ್ದರೂ ನಿಕ್ಕಲ್ ಕೆಳಗೆ ಮುಚ್ಚಿಹೋಗಿರುತ್ತೆ. ನಳಿಗೆಯ ಒಳಗಿನ ಸುರುಳಿ ಗೀರು ಸವೆದಿದೆಯಾ, ಕಚ್ಚಿಕೊಂಡು ನಿಂತ ಮೇಲೂ ಸಿಲಿಂಡರ್ ಅಲ್ಲಾಡುತ್ತಾ ಅನ್ನೋದನ್ನ ಡೀಲರ್ ಕೈಯಲ್ಲೇ ನೋಡಿಸಿ, ನೀವು ಕುದುರೆ ಎಳೆದು ಪರೀಕ್ಷೆ ಮಾಡೋಕೆ ಹೋಗಬೇಡಿ. ಹಾಗೇ ತಾತ ಕೊಂಡ ಚೀಟಿ, ಎಲೆಕ್ಷನ್ ಬಂದಾಗೆಲ್ಲ ಠಾಣೆಗೆ ಒಪ್ಪಿಸಿದ ಹಳೇ ರಸೀದಿಗಳನ್ನು ಹುಡುಕಿಡಿ. ಕೊಳ್ಳುವವರು ಮೊದಲು ಕೇಳೋದು ಅವನ್ನೇ.

ನನ್ನ ಮಾತು ಕೇಳಿದರೆ ಇಟ್ಟುಕೊಳ್ಳಿ. ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಆಯುಧ, ನಿಮ್ಮ ಹತ್ತಿರ ಇರೋದು ಒಂದು. ವಾರಸುದಾರರ ಲೈಸೆನ್ಸ್‌ಗೆ 2016ರ ನಿಯಮಗಳಲ್ಲಿ ಪ್ರತ್ಯೇಕ ಅವಕಾಶವೇ ಇದೆ. ಒಡಹುಟ್ಟಿದವರ ಒಪ್ಪಿಗೆ ಪತ್ರ ಜೊತೆಗಿಟ್ಟು ಅರ್ಜಿ ಹಾಕಿ.

ಇನ್ನೊಬ್ಬರು:
ಕೊಡಗಿನವರಿಗೆ ಲೈಸೆನ್ಸೇ ಬೇಡ ಅಂತಾರಲ್ಲ ಸರ್?

ಉತ್ತರ:
ಆ ವಿನಾಯಿತಿ ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಮೂಡಿಗೆರೆ ಗೌಡರಿಗೆ ಅದು ಬರಲ್ಲ.

ಪ್ರಶ್ನಿಸಿದವರು (ಎರಡು ದಿನದ ನಂತರ):
ಡಿಪಾಸಿಟ್ ಮಾಡಿದೆ ಸರ್, ಚರ್ಮದ ಚೀಲದ ಸಮೇತ. ರಸೀದಿಯಲ್ಲಿ "ಹಳೇ ಪಿಸ್ತೂಲು-1" ಅಂತ ಬರೆದುಕೊಟ್ಟಿದ್ದಾರೆ.

ಉತ್ತರ:
ಇವತ್ತೇ ವಾಪಸ್ ಹೋಗಿ. ವೆಬ್ಲಿ ಅಂಡ್ ಸ್ಕಾಟ್, .32 ರಿವಾಲ್ವರ್, ನಂಬರ್ ಇಷ್ಟು ಅಂತ ತಿದ್ದಿಸಿ ಸಹಿ ಹಾಕಿಸಿಕೊಳ್ಳಿ. ಚರ್ಮದ ಚೀಲದಿಂದ ಹೊರಗೆ ತೆಗೆದಿಡೋಕೂ ಹೇಳಿ, ಮಳೆಗಾಲದಲ್ಲಿ ಅದು ತೇವ ಹೀರಿ ಕಬ್ಬಿಣ ತಿನ್ನುತ್ತೆ.